ನನ್ನ ಫ್ಯಾಂಟಸಿ ಕಾದಂಬರಿಯನ್ನು ನಾನೇ ಅಚ್ಚು ಹಾಕಿಸಿದೆ

'ಕೆಳಸೀಮೆ' ಹೊರಬಂದ ಮೇಲೆ ಓದಿದವರು, ಓದದವರು ಎಲ್ಲರೂ ಮೊದಲು ಕೇಳುವುದು ಒಂದೇ. ಪ್ರಕಾಶಕರು ಯಾರು? ನಾನೇ. ಬರೆದಿದ್ದೂ ನಾನೇ, ದುಡ್ಡು ಹಾಕಿದ್ದೂ ನಾನೇ, ಪ್ಯಾಕ್ ಮಾಡಿ ವಿಳಾಸ ಬರೆದು ಪೋಸ್ಟ್ ಆಫೀಸಿಗೆ ಹೊತ್ತಿದ್ದೂ ನಾನೇ. ಸಾಗರದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಸಾಹಿತ್ಯದ ದೊಡ್ಡವರ ಪರಿಚಯ ಯಾವುದೂ ಇಲ್ಲ. ಆದರೂ 320 ಪುಟದ ಫ್ಯಾಂಟಸಿ ಕಾದಂಬರಿ ನಾನು ಅಂದುಕೊಂಡ ಹಾಗೆಯೇ ಅಚ್ಚಾಗಿ ಬಂತು. ಹೇಗೆ ಬಂತು ಅಂತ ಇಲ್ಲಿ ಬರೆಯುತ್ತೇನೆ. ಕನ್ನಡದಲ್ಲಿ ಫ್ಯಾಂಟಸಿ ಬರೆದು ಲ್ಯಾಪ್‌ಟಾಪಿನಲ್ಲೇ ಇಟ್ಟುಕೊಂಡವರು ಹಲವರಿದ್ದಾರೆ ಅಂತ ಈಗ ಬರುತ್ತಿರುವ ಮೆಸೇಜು ನೋಡಿ ಗೊತ್ತಾಗಿದೆ. ಅವರ ಉಪಯೋಗಕ್ಕೆ ಬಂದರೆ ಸಾಕು.

ಮೊದಲು ಕತೆ ಏನು ಅಂತ ಹೇಳಬೇಕು. ಮುಂದಿನ ಎಲ್ಲ ತೀರ್ಮಾನವೂ ಅದರಿಂದಲೇ ಹುಟ್ಟಿದ್ದು.

ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಶರಾವತಿ ಹಿನ್ನೀರಿನಲ್ಲಿ ಮುಳುಗಿದ ಊರುಗಳಲ್ಲಿ ನನ್ನ ಅಜ್ಜಿಯ ಊರೂ ಒಂದು. ಮನೆಯ ತೊಲೆ, ಬಾಗಿಲು, ಹಂಚು ಎಲ್ಲ ಲಾರಿಗೆ ಹೇರಿಕೊಂಡು ಬಂದರಂತೆ. ಊರು ಕಾಯುವ ದೇವರುಗಳಾದ ಚೌಡಿ, ಭೂತಪ್ಪ, ಜಟಗ ಇವರನ್ನೆಲ್ಲ ತರಲು ಆಗಲಿಲ್ಲ. 'ಅವು ಅಲ್ಲೇ ಇದಾವೆ' ಅಂತ ಅಜ್ಜಿ ಹೇಳುತ್ತಿದ್ದಳು. ಅಲ್ಲೇ ಇದ್ದರೆ ಇಷ್ಟು ವರ್ಷ ಏನು ಮಾಡುತ್ತಿರಬಹುದು? ಈ ಪ್ರಶ್ನೆಯೇ ನನ್ನ ಕಾದಂಬರಿ.

ನೀರಿನಡಿಯಲ್ಲಿ ಊರು ನಡೆಯುತ್ತಿದೆ. ಹಿನ್ನೀರಿನ ಮಟ್ಟವೇ ಅಲ್ಲಿನವರಿಗೆ ಆಕಾಶ. ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಮಳೆಗಾಲದಲ್ಲಿ ನಾವು ಪೇಪರಿನಲ್ಲಿ ಇವತ್ತು ಎಷ್ಟು ಅಡಿ ಅಂತ ನೋಡುತ್ತೇವಲ್ಲ, ಕೆಳಗಿನವರ ಬದುಕೆಲ್ಲ ಆ ಸಂಖ್ಯೆಯ ಮೇಲೆ ನಿಂತಿದೆ. ಆಗಸ್ಟಿನಲ್ಲಿ ಅವರ ಆಕಾಶ ಎತ್ತರಕ್ಕೆ ಹೋಗುತ್ತದೆ. ಮೇ ತಿಂಗಳಿಗೆ ತಲೆಯ ಮೇಲೇ ಬಂದು ಕೂರುತ್ತದೆ. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಮಡೆನೂರಿನ ಹಳೇ ಹಿರೇಭಾಸ್ಕರ ಅಣೆಕಟ್ಟು ಹೊರಗೆ ಕಾಣುತ್ತದೆ. 1940ರ ದಶಕದಲ್ಲಿ ಕಟ್ಟಿದ ಆ ಅಣೆಕಟ್ಟು ಆಮೇಲೆ ಲಿಂಗನಮಕ್ಕಿಯ ನೀರಿನಲ್ಲೇ ಮುಳುಗಿತು. ಹೋಗಿ ನೋಡಿದವರಿಗೆ ಹೆಚ್ಚಾದ ನೀರು ಹೊರಹೋಗಲು ಕಟ್ಟಿದ ಅದರ ದೊಡ್ಡ ದೊಡ್ಡ ಸೈಫನ್‌ಗಳು ನೆನಪಿರಬಹುದು. ನನ್ನ ಕತೆಯಲ್ಲಿ ಎರಡು ಸೀಮೆಯ ನಡುವಿನ ಬಾಗಿಲು ಅವೇ.

ಹಸ್ತಪ್ರತಿಯನ್ನು ಮೊದಲು ಪ್ರಕಾಶಕರಿಗೇ ಕಳಿಸಿದ್ದೆ. ಒಬ್ಬರು ಪ್ರೀತಿಯಿಂದಲೇ ಮಾತಾಡಿದರು. 'ಚೆನ್ನಾಗಿದೆ ಮೇಡಂ, ಆದ್ರೆ ಇದು ಮಕ್ಕಳ ಪುಸ್ತಕ ಅಲ್ವಾ? ನೂರು ಪುಟಕ್ಕೆ ಇಳಿಸಿಕೊಡಿ, ಚಿತ್ರ ಹಾಕಿಸೋಣ' ಅಂದರು. ಇನ್ನೊಬ್ಬರು 'ದೊಡ್ಡವರು ಇಂಥದ್ದನ್ನ ಇಂಗ್ಲಿಷಲ್ಲಿ ಓದ್ತಾರೆ, ಕನ್ನಡದಲ್ಲಿ ಯಾರು ಓದ್ತಾರೆ' ಅಂದರು. ಈ ಮಾತನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ.

ನಮ್ಮ ಕಡೆ ಮಳೆಗಾಲ ಕಳೆದರೆ ಯಕ್ಷಗಾನ ಬಯಲಾಟ ಶುರು. ರಾತ್ರಿಯಿಡೀ ಚಳಿಯಲ್ಲಿ ಕಂಬಳಿ ಹೊದ್ದು ಕೂತು ರಾಕ್ಷಸರನ್ನು, ಮಾಯಾವಿಗಳನ್ನು ನೋಡುವವರು ಬರೀ ಮಕ್ಕಳಾ? ಎಪ್ಪತ್ತು ದಾಟಿದವರೂ ಏಳದೆ ಕೂತಿರುತ್ತಾರೆ. ಬಣ್ಣದ ವೇಷ, ಅಂದರೆ ರಾಕ್ಷಸನ ವೇಷ, ರಂಗಕ್ಕೆ ಬರುವ ರೀತಿಯನ್ನೇ ನೋಡಿ. ವೇಷ ಸೀದಾ ಬಂದು ಎದುರಿಗೆ ನಿಲ್ಲುವುದಿಲ್ಲ. ಮೊದಲು ಕೇಳುವುದು ಅಬ್ಬರ. ದೊಂದಿಗೆ ರಾಳದ ಪುಡಿ ಎರಚಿದಾಗ ಭಗ್ ಅಂತ ಬೆಂಕಿ ಏಳುತ್ತದೆ. ರಂಗದಲ್ಲಿ ತೆರೆ ಹಿಡಿದಿರುತ್ತಾರೆ. ತೆರೆಯ ಮೇಲೆ ಕಿರೀಟದ ತುದಿ ಕಾಣುತ್ತದೆ, ಆಮೇಲೆ ಕೈ. ಮುಖ ಮಾತ್ರ ಕಾಣುವುದಿಲ್ಲ. ಚೆಂಡೆ ಏರುತ್ತಾ ಹೋಗುತ್ತದೆ. ಮುಖ ಪೂರ್ತಿ ಕಾಣುವಷ್ಟರಲ್ಲಿ ನೋಡುವವರ ಎದೆ ಹೊಡೆದುಕೊಳ್ಳುತ್ತಿರುತ್ತದೆ.

ಕೆಳಸೀಮೆಯ ಚೌಡಿ ಮೊದಲ ಸಲ ಕಾಣಿಸಿಕೊಳ್ಳುವ ಅಧ್ಯಾಯವನ್ನು ನಾನು ಹೀಗೆಯೇ ಕಟ್ಟಿದ್ದೇನೆ. ಶುರುವಿನಲ್ಲಿ ಬರೀ ಕಾಲುಂಗುರದ ಸದ್ದು. ಆಮೇಲೆ ಹಸಿ ಅರಿಶಿನದ ವಾಸನೆ. ಆಮೇಲೆ ನೀರಿನಲ್ಲಿ ಒದ್ದೆಯಾಗದ ಒಂದು ಸೆರಗು. ಅವಳ ಮುಖ ಕಾಣಲು ಓದುಗರು ಪುಟಗಟ್ಟಲೆ ಕಾಯಬೇಕು. ಇದನ್ನು ನೂರು ಪುಟಕ್ಕೆ ಇಳಿಸಿದರೆ ಉಳಿಯುವುದು ಕತೆಯ ಸಾರಾಂಶ ಮಾತ್ರ. ಹಾಗಾಗಿ ನಾನೇ ಮಾಡಿಸುತ್ತೇನೆ ಅಂತ ಹೊರಟೆ.

ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿದಿದ್ದು ಅಕ್ಷರ. ನಾನು ಬರೆದಿದ್ದು ಎಲ್ಲ ಕಂಪ್ಯೂಟರು, ಫೋನಿನಲ್ಲೂ ಓದಲು ಬರುವ ಯುನಿಕೋಡಿನಲ್ಲಿ. ಪುಟ ಕಟ್ಟಿಕೊಡುವ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಈಗಲೂ ಹಳೇ ಸಾಫ್ಟ್‌ವೇರ್ ಆದ ಪೇಜ್‌ಮೇಕರ್ ಮತ್ತು ಹಳೇ ನುಡಿ ಫಾಂಟು. ಯುನಿಕೋಡ್ ಫೈಲನ್ನು ಕನ್ವರ್ಟ್ ಮಾಡಿಕೊಂಡೇ ಪುಟ ಕಟ್ಟುತ್ತಾರೆ. ಮಾಮೂಲಿ ಗದ್ಯಕ್ಕೆ ಇದು ಹೇಗೋ ನಡೆಯುತ್ತದೆ, ಫ್ಯಾಂಟಸಿಗೆ ನಡೆಯುವುದಿಲ್ಲ. ನಮ್ಮ ಕತೆಯ ಊರು, ಜನ, ಆಯುಧ ಎಲ್ಲದರ ಹೆಸರೂ ನಾವೇ ಕಟ್ಟಿದ್ದು. ಅದರ ಸರಿಯಾದ ರೂಪ ಯಾವುದು ಅಂತ ಡಿಟಿಪಿಯವರಿಗಾಗಲಿ ಕರಡು ತಿದ್ದುವವರಿಗಾಗಲಿ ಹೇಗೆ ಗೊತ್ತಾಗಬೇಕು? 'ಸೂರ್ಯ' ತಪ್ಪಾಗಿ ಬಿದ್ದರೆ ಯಾರ ಕಣ್ಣಿಗಾದರೂ ರಾಚುತ್ತದೆ. ನನ್ನ ಕತೆಯ 'ನೀರ್‌ಗೋಡು' ಒಂದು ಕಡೆ 'ನೀರ್ಗೋಡು' ಆಗಿ, ಇನ್ನೊಂದು ಕಡೆ ಅರ್ಕಾವತ್ತು ಜಾಗ ತಪ್ಪಿ 'ನೀಗೋರ್ಡು' ಆದರೆ ಓದುವವರು ಅವನ್ನು ಮೂರು ಬೇರೆ ಊರು ಅಂದುಕೊಳ್ಳುತ್ತಾರೆ. ಮೊದಲನೆಯದರಲ್ಲಿ 'ರ್' ಮತ್ತು 'ಗೋ' ಅಂಟಿಕೊಳ್ಳದ ಹಾಗೆ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ. ಕನ್ವರ್ಟ್ ಮಾಡುವಾಗ ಮೊದಲು ಬಿದ್ದುಹೋಗುವುದು ಅದೇ.

ಅದಕ್ಕೆ ಯುನಿಕೋಡಿನಲ್ಲೇ, ಹೊಸ ಸಾಫ್ಟ್‌ವೇರ್ ಆದ ಇನ್‌ಡಿಸೈನ್‌ನಲ್ಲಿ ಪುಟ ಕಟ್ಟುವವರೇ ಬೇಕು ಅಂತ ಹಟ ಹಿಡಿದೆ. ಶಿವಮೊಗ್ಗದಲ್ಲಿ ಒಬ್ಬ ಹುಡುಗಿ ಸಿಕ್ಕಳು. ಇನ್‌ಡಿಸೈನ್‌ನಲ್ಲಿ 'ವರ್ಲ್ಡ್ ರೆಡಿ ಕಂಪೋಸರ್' ಅನ್ನುವುದನ್ನು ಆನ್ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತವೆ. ಫಾಂಟು ಟಿರೊ ಕನ್ನಡ. ಓಪನ್ ಲೈಸೆನ್ಸಿನದ್ದು, ಪುಸ್ತಕಕ್ಕೆ ಬಳಸಲು ಯಾರಿಗೂ ದುಡ್ಡು ಕೊಡಬೇಕಿಲ್ಲ. ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಡಿಸಿದೆ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿದರೆ ಓದುವವರ ಕಣ್ಣು ಸೋಲುತ್ತದೆ. ದೊಡ್ಡ ಕಾದಂಬರಿಯಲ್ಲಿ ಕಣ್ಣು ಸೋತರೆ ಪುಸ್ತಕ ಕೆಳಗಿಟ್ಟ ಹಾಗೆಯೇ.

ಒಂದು ಕೆಲಸವನ್ನು ಎಲ್ಲ ಫ್ಯಾಂಟಸಿ ಬರಹಗಾರರಿಗೂ ಹೇಳುತ್ತೇನೆ. ನೀವು ಕಟ್ಟಿದ ಹೆಸರುಗಳನ್ನೆಲ್ಲ ಅಕಾರಾದಿಯಲ್ಲಿ ಒಂದು ಹಾಳೆಯ ಮೇಲೆ ಬರೆದು ಕರಡು ತಿದ್ದುವವರ ಕೈಗೆ ಮೊದಲೇ ಕೊಡಿ. ಕೆಳಸೀಮೆಯವರು ನಮ್ಮನ್ನು 'ಒಣನಾಡಿನವರು' ಅನ್ನುತ್ತಾರೆ. ಅದು ಒಂದು ಕಡೆಯೂ 'ಒಣ ನಾಡು' ಅಂತ ಒಡೆದಿಲ್ಲ. ಕಾರಣ ಆ ಹಾಳೆ.

ನಕ್ಷೆಯನ್ನು ಚಿಕ್ಕಪ್ಪನ ಮಗಳು ಬರೆದಳು, ಕಪ್ಪು ಇಂಕಿನಲ್ಲಿ, ಬರೀ ಗೆರೆ. ಎರಡು ಪುಟಕ್ಕೆ ಹರಡಿದರೆ ಚೆಂದ ಅಂತ ಅವಳಿಗೆ ಆಸೆ ಇತ್ತು. ಆದರೆ ಬೆನ್ನಿಗೆ ಅಂಟು ಹಾಕುವ ಪರ್ಫೆಕ್ಟ್ ಬೈಂಡಿಂಗಿನಲ್ಲಿ ಪುಸ್ತಕ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ, ನಡುವಿನ ಅರ್ಧ ಇಂಚು ಅಂಟಿನೊಳಗೆ ಹೋಗುತ್ತದೆ. ನಮ್ಮ ನಕ್ಷೆಯ ನಡುವೆ ಇರುವುದು ಹೊಳೆಯೇ! ಹಾಗಾಗಿ ಒಂದೇ ಪುಟದಲ್ಲಿ ಉದ್ದಕ್ಕೆ ಬರೆದಳು. ಹೊಳೆ ಮೇಲಿಂದ ಕೆಳಕ್ಕೆ ಇಳಿಯುತ್ತದೆ, ಊರುಗಳು ಎರಡೂ ದಂಡೆಗೆ.

ಮುನ್ನುಡಿ ಬರೆಸಲಿಲ್ಲ. ಹಿರಿಯರೊಬ್ಬರಿಂದ ಮುನ್ನುಡಿ, ಇನ್ನೊಬ್ಬರಿಂದ ಬೆನ್ನುಡಿ ನಮ್ಮಲ್ಲಿ ರೂಢಿ. ಕವನ ಸಂಕಲನಕ್ಕೆ, ಕಥಾ ಸಂಕಲನಕ್ಕೆ ಅದು ಒಪ್ಪುತ್ತದೆ. ಇಲ್ಲದ ಲೋಕವೊಂದನ್ನು ನಂಬಿಸಬೇಕಾದ ಪುಸ್ತಕದಲ್ಲಿ ಬಾಗಿಲಲ್ಲೇ ನಿಂತು ಯಾರೋ ಅದರ ಅರ್ಥ ವಿವರಿಸಿದರೆ ಒಳಗೆ ಹೋಗುವ ಸುಖವೇ ಹೋಗುತ್ತದೆ. ನಕ್ಷೆ ತಿರುಗಿಸಿದರೆ ಮೊದಲ ಅಧ್ಯಾಯ, ಅಷ್ಟೇ. ಕೊನೆಯಲ್ಲಿ ಪದಕೋಶವನ್ನೂ ಕೊಟ್ಟಿಲ್ಲ. ಕನ್ನಡದ ಓದುಗರು ಜಾಣರು, ಎರಡು ಪುಟ ಓದಿದರೆ ಪದ ತಾನಾಗಿ ತಿಳಿಯುತ್ತದೆ.

ಈಗ ದುಡ್ಡಿನ ಲೆಕ್ಕ. ಡೆಮಿ 1/8, ಅಂದರೆ ಕಾದಂಬರಿಗಳ ಮಾಮೂಲಿ ಅಳತೆ, 70 ಜಿಎಸ್‌ಎಂ ಮ್ಯಾಪ್ಲಿಥೊ ಕಾಗದ (ಜಿಎಸ್‌ಎಂ ಅಂದರೆ ಚದರ ಮೀಟರಿಗೆ ಎಷ್ಟು ಗ್ರಾಂ ತೂಕ ಅಂತ), ಮುಖಪುಟಕ್ಕೆ 300 ಜಿಎಸ್‌ಎಂ ಆರ್ಟ್ ಬೋರ್ಡು, ಮ್ಯಾಟ್ ಲ್ಯಾಮಿನೇಷನ್. ಒಂದೇ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ 16 ಪುಟಕ್ಕೆ ಒಂದು ಫಾರಂ ಅಂದರೆ 320 ಪುಟಕ್ಕೆ ಸರಿಯಾಗಿ 20 ಫಾರಂ. 323 ಪುಟ ಆದರೂ ಇನ್ನೊಂದು ಫಾರಮಿನ ಖರ್ಚು ಬೀಳುತ್ತದೆ, ಹಾಗಾಗಿ ಪುಟ ಕಟ್ಟುವಾಗಲೇ ಇದು ತಲೆಯಲ್ಲಿರಬೇಕು. 500 ಪ್ರತಿಗೆ ಅಚ್ಚು, ಕಾಗದ, ಬೈಂಡಿಂಗ್ ಸೇರಿ 58,000 ರೂಪಾಯಿ. ಡಿಟಿಪಿ 9,000, ಕರಡು ತಿದ್ದಿದ್ದಕ್ಕೆ 6,000, ಮುಖಪುಟ ಮತ್ತು ನಕ್ಷೆಗೆ 12,000. ಒಟ್ಟು 85,000. ಒಂದು ಪ್ರತಿಗೆ 170 ರೂಪಾಯಿ ಬಿತ್ತು. ಬೆಲೆ 380 ಇಟ್ಟೆ.

ಅಂಗಡಿಗೆ 40 ಪರ್ಸೆಂಟ್ ಬಿಟ್ಟುಕೊಟ್ಟರೆ ನಮಗೆ ಸಿಗುವುದು 228. ಹಾಕಿದ ದುಡ್ಡು ವಾಪಸ್ ಬರಲು 373 ಪ್ರತಿ ಹೋಗಬೇಕು. ನೇರವಾಗಿ ಓದುಗರಿಗೆ ಕಳಿಸಿದರೆ ಪೋಸ್ಟು, ಪ್ಯಾಕಿಂಗ್ ಅಂತ 40 ರೂಪಾಯಿ ಕಳೆದರೂ 340 ಉಳಿಯುತ್ತದೆ, 250 ಪ್ರತಿಗೆ ಅಸಲು ಬರುತ್ತದೆ. ಹಾಗಂತ ಅಂಗಡಿ ಬೇಡ ಅಂತಲ್ಲ. ನನ್ನ ಹೆಸರೇ ಕೇಳದವರು ಮುಖಪುಟ ನೋಡಿ ಕೈಗೆತ್ತಿಕೊಳ್ಳುವುದು ಅಂಗಡಿಯಲ್ಲಿ ಮಾತ್ರ. ಎರಡೂ ಇರಲಿ. ನೂರು, ನೂರೈವತ್ತು ಪ್ರತಿ ಸಾಕು ಅನ್ನುವವರು ಡಿಜಿಟಲ್ ಪ್ರಿಂಟಿಗೆ ಹೋಗಿ. ಆಫ್‌ಸೆಟ್ಟಿನಲ್ಲಿ ಎಷ್ಟು ಕಡಿಮೆ ಹಾಕಿಸಿದರೂ ಅಚ್ಚಿಗೆ ಮಾಡುವ ಪ್ಲೇಟಿನ ಖರ್ಚು ಅಷ್ಟೇ ಇರುತ್ತದೆ.

ಐಎಸ್‌ಬಿಎನ್ (ಪುಸ್ತಕದ ಅಂತರರಾಷ್ಟ್ರೀಯ ಗುರುತು ಸಂಖ್ಯೆ) ಬಗ್ಗೆ ಜಾಸ್ತಿ ಹೆದರಬೇಡಿ. ದೆಹಲಿಯ ರಾಜಾ ರಾಮಮೋಹನ ರಾಯ್ ಏಜೆನ್ಸಿ ಅದನ್ನು ಪುಕ್ಕಟೆ ಕೊಡುತ್ತದೆ. ಆನ್‌ಲೈನ್ ಅರ್ಜಿ, ಲೇಖಕರೇ ಪ್ರಕಾಶಕರಾಗಿಯೂ ಹಾಕಬಹುದು. ಇದಕ್ಕೆ ಯಾರಾದರೂ ದುಡ್ಡು ಕೇಳಿದರೆ ಸುಮ್ನೆ ಕೊಡಬೇಡಿ, ನೀವೇ ಹಾಕಿ. ಪುಸ್ತಕ ಬಂದ ಮೇಲೆ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ ಕಳಿಸಬೇಕು, 1954ರ ಕಾಯ್ದೆ ಹಾಗೆ ಹೇಳುತ್ತದೆ. ಮೊದಲ ಪುಸ್ತಕ ತರುವ ಯುವ ಬರಹಗಾರರಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನವೂ ಇದೆ. ಅದರ ವಯಸ್ಸಿನ ಮಿತಿ ನನಗೆ ದಾಟಿದೆ. ನಿಮಗೆ ದಾಟಿಲ್ಲ ಅಂದರೆ ಅರ್ಜಿ ಹಾಕಲೇಬೇಕು.

ಪೋಸ್ಟಿನ ವಿಷಯ. ಪುಸ್ತಕಕ್ಕಂತಲೇ ಇದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತುಹೋಯಿತು. ಸಣ್ಣ ಪ್ರಕಾಶಕರಿಗೆಲ್ಲ ಅದು ದೊಡ್ಡ ಪೆಟ್ಟು. 2025ರ ಮೇ 1ರಿಂದ 'ಜ್ಞಾನ್ ಪೋಸ್ಟ್' ಬಂದಿದೆ. 300 ಗ್ರಾಂವರೆಗೆ 20 ರೂಪಾಯಿ, 5 ಕೆಜಿಗೆ 100, ಮೇಲೆ ತೆರಿಗೆ. ಎಲ್ಲಿದೆ ಅಂತ ಟ್ರ್ಯಾಕ್ ಕೂಡ ಮಾಡಬಹುದು. ಪುಸ್ತಕದ ಮೇಲೆ ಮುದ್ರಕರ ಅಥವಾ ಪ್ರಕಾಶಕರ ಹೆಸರು ಇರಬೇಕು, ಜಾಹೀರಾತು ಇರಬಾರದು. ಒಳಗೆ ಕರಪತ್ರ ಇಡುವ ಆಸೆ ಬಿಡಿ.

ಇ-ಪುಸ್ತಕಕ್ಕೆ ಯುನಿಕೋಡಿನ ಹಟ ಇನ್ನೊಂದು ಸಲ ಕೈಹಿಡಿಯಿತು. ಅದೇ ಫೈಲಿನಿಂದ ಇಪಬ್ ಮಾಡಿದೆವು, ಮತ್ತೆ ಟೈಪು ಮಾಡುವ ಗೋಜು ಬರಲಿಲ್ಲ. ಅಮೆರಿಕದಲ್ಲಿ, ದುಬೈಯಲ್ಲಿ ಇರುವ ಕನ್ನಡದವರು ಓದುತ್ತಿರುವುದು ಅದನ್ನೇ.

ಪುಸ್ತಕ ಅಚ್ಚಾಗುತ್ತಿದ್ದ ಹೊತ್ತಿನಲ್ಲೇ, 2025ರ ಜುಲೈ 14ರಂದು, ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೊಡ್ಲು ಕಳಸವಳ್ಳಿ ಸೇತುವೆ ಓಡಾಟಕ್ಕೆ ತೆರೆಯಿತು. ನನ್ನ ಮೊದಲ ಅಧ್ಯಾಯ ನಡೆಯುವುದು ಹಿನ್ನೀರು ದಾಟಿಸುವ ಲಾಂಚಿನ ಮೇಲೆ. 'ಈಗ ಸೇತುವೆ ಬಂತಲ್ಲ, ಬದಲಾಯಿಸ್ತೀರಾ' ಅಂತ ಕೆಲವರು ಕೇಳಿದರು. ಬದಲಾಯಿಸುವುದಿಲ್ಲ. ಲಾಂಚಿನಲ್ಲಿ ನಿಂತು ಕೆಳಗೆ ನೀರು ನೋಡುತ್ತಾ ಬೆಳೆದವರು ಇನ್ನೂ ನಾವೆಲ್ಲ ಇದ್ದೇವೆ. ಎರಡನೇ ಭಾಗದಲ್ಲಿ ಸೇತುವೆ ಬರುತ್ತದೆ. ಕೆಳಗಿನವರಿಗೆ ತಮ್ಮ ಆಕಾಶದಲ್ಲಿ ಕಂಬ ಇಳಿಯುವುದು ಕಾಣುತ್ತದೆ!

ಅಂದುಕೊಂಡಿರದ ಓದುಗರು ಸಿಕ್ಕರು. ಕಾಲೇಜಿನವರು ಓದುತ್ತಾರೆ ಅಂತ ನಂಬಿದ್ದೆ, ಅವರೂ ಓದಿದರು. ಆದರೆ ಫೋನು ಮಾಡಿದವರು ಜಾಸ್ತಿ ಮುಳುಗಡೆ ಮನೆತನದವರು. ಆನಂದಪುರದ ಕಡೆಯ ಹಿರಿಯರೊಬ್ಬರು ಮೊಮ್ಮಗನ ಕೈಲಿ ಓದಿಸಿಕೊಂಡು ಫೋನು ಮಾಡಿದ್ದರು. 'ನಕ್ಷೆಯಲ್ಲಿ ನಮ್ಮೂರು ಇಲ್ವಲ್ಲ ತಂಗಿ' ಅಂದರು. ಇದು ಕತೆ, ಊರೆಲ್ಲ ನಾನೇ ಕಟ್ಟಿದ್ದು ಅಂದೆ. 'ಕತೆ ಆದ್ರೂ ಆಗ್ಲಿ. ಕೆಳಗೆ ಎಲ್ಲ ಊರೂ ಇದಾವೆ ಅಂತ ನೀನೇ ಬರ್ದಿದೀಯ, ನಮ್ದೂ ಇರ್ಬೇಕು' ಅಂದರು. ಅವರು ಹೇಳಿದ್ದು ನ್ಯಾಯ.

300 ಪ್ರತಿಯ ಎರಡನೇ ಮುದ್ರಣಕ್ಕೆ ನಕ್ಷೆಯನ್ನು ಹೊಸದಾಗಿ ಬರೆಸುತ್ತಿದ್ದೇನೆ. ಕತೆಯ ಊರುಗಳ ಜೊತೆಗೆ ನಿಜವಾಗಿ ಮುಳುಗಿದ ಊರುಗಳ ಹೆಸರೂ ಅದರಲ್ಲಿ ಇರುತ್ತದೆ. ನಿಮ್ಮ ಮನೆಯ ಹಿರಿಯರನ್ನು ಕೇಳಿ ಊರಿನ ಹೆಸರು, ಹೊಳೆಯ ಯಾವ ದಂಡೆ, ಪಕ್ಕದ ಊರು ಯಾವುದು, ಊರಿನ ಚೌಡಿಯೋ ಭೂತಪ್ಪನೋ ಎಲ್ಲಿದ್ದ ಅಂತ ಬರೆದು ಸಂಕ್ರಾಂತಿಯೊಳಗೆ ಕಳಿಸಿ. ಊರಿನ ಹೆಸರನ್ನು ಮನೆಯಲ್ಲಿ ಹೇಗೆ ಹೇಳುತ್ತಾರೋ ಹಾಗೆಯೇ ಬರೆಯಿರಿ. ಫೆಬ್ರವರಿಯಲ್ಲಿ ಅಚ್ಚಿಗೆ ಹೋಗುತ್ತದೆ.