ಲಿಟಲ್‌ಮೋರ್‌ನ ಗೇಟಿನ ಹತ್ತಿರ

ಮಗಳ ಮನೆ ರೆಡಿಂಗ್‌ನಲ್ಲಿ. ಅಕ್ಟೋಬರ್‌ನಲ್ಲಿ ಮೂರು ವಾರ ಅಲ್ಲಿದ್ದೆವು. ಲಂಡನ್ ನೋಡಿದೆವು, ಬಾತ್ ನೋಡಿದೆವು, ಶೇಕ್ಸ್‌ಪಿಯರ್ ಹುಟ್ಟಿದ ಊರಿಗೂ ಹೋಗಿ ಬಂದೆವು. ಫೋಟೋಗಳು ಫೋನಿನಲ್ಲಿವೆ. ಆದರೆ ಊರಿಗೆ ಬಂದ ಮೇಲೆ ಯಾರು ಏನು ಕೇಳಿದರೂ ನನ್ನ ಬಾಯಿಗೆ ಬರುವುದು ಲಿಟಲ್‌ಮೋರ್ ಒಂದೇ. ಆಕ್ಸ್‌ಫರ್ಡ್‌ನಿಂದ ಐದು ಕಿಲೋಮೀಟರ್ ದೂರದ ಸಣ್ಣ ಊರು ಅದು.

ಇದೆಲ್ಲ ಶುರುವಾಗಿದ್ದು ಆಕ್ಸ್‌ಫರ್ಡ್‌ನ ಹೈ ಸ್ಟ್ರೀಟಿನಲ್ಲಿ. ಅಲ್ಲಿನ ಸೇಂಟ್ ಮೇರಿ ಚರ್ಚಿನ ಗೋಪುರಕ್ಕೆ 127 ಮೆಟ್ಟಿಲು. ಇವರೂ ಮಗಳೂ ಹತ್ತಲು ಹೋದರು. ನನ್ನ ಮಂಡಿ ಬೇಡ ಅಂತು, ಕೆಳಗೇ ಬೆಂಚಿನ ಮೇಲೆ ಕೂತೆ. ಹೊರಗೆ ಅಂಗಡಿಗಳ ಗಲಾಟೆ, ಒಳಗೆ ತಣ್ಣಗೆ. ಎದುರಿಗೆ ಮರದ ಪ್ರವಚನ ಪೀಠ. ಅಲ್ಲಿ ನಿಂತು ಮಾತಾಡುತ್ತಿದ್ದವರು ಜಾನ್ ಹೆನ್ರಿ ನ್ಯೂಮನ್, 1828ರಿಂದ 1843ರವರೆಗೆ ಈ ಚರ್ಚಿನ ಪಾದ್ರಿ ಅಂತ ಓದಿದೆ. ಹೆಸರು ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು. ಮಗಳು ಇಳಿದು ಬಂದವಳು ಫೋನಿನಲ್ಲಿ ಹುಡುಕಿ ಹೇಳಿದಳು: "ಅಮ್ಮ, ಲೀಡ್ ಕೈಂಡ್ಲಿ ಲೈಟ್ ಬರೆದವರು ಇವರೇ. ನಿನ್ನ ಕರುಣಾಳು ಬಾ ಬೆಳಕೆ!"

ನಾನು ಎದ್ದವಳು ಮತ್ತೆ ಕೂತುಬಿಟ್ಟೆ.

ತುರುವೇಕೆರೆ ತಾಲ್ಲೂಕಿನ ಹೈಸ್ಕೂಲುಗಳಲ್ಲಿ 31 ವರ್ಷ ಗಣಿತ ಪಾಠ ಮಾಡಿದವಳು ನಾನು. ಅಷ್ಟೂ ವರ್ಷ ಬೆಳಗಿನ ಪ್ರಾರ್ಥನೆಯಲ್ಲಿ ಮಕ್ಕಳ ಜೊತೆ ಆ ಹಾಡು ಹೇಳಿದ್ದೇನೆ. ಬಿ.ಎಂ.ಶ್ರೀಯವರು ನಮ್ಮ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದವರು, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಪ್ರೊಫೆಸರ್ ಆಗಿದ್ದವರು. ಅವರು ಇಂಗ್ಲಿಷಿನಿಂದ ತಂದ ಹಾಡು ಅದು ಅಂತ ಗೊತ್ತಿತ್ತು. ಗಾಂಧೀಜಿಗೆ ಮೂಲ ಹಾಡು ಬಹಳ ಪ್ರಿಯವಾಗಿತ್ತು ಅಂತಲೂ ಗೊತ್ತಿತ್ತು. ಆದರೆ ಮೊದಲು ಬರೆದ ಮನುಷ್ಯ ಯಾರು, ಯಾವ ಕತ್ತಲಲ್ಲಿ ನಿಂತು ಬೆಳಕನ್ನು ಕರೆದರು ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ರಾತ್ರಿ ಮನೆಗೆ ಬಂದು ಓದಲು ಕೂತೆ. ಒಂದೂವರೆ ಗಂಟೆಯವರೆಗೂ ಏಳಲಿಲ್ಲ.

1833. ನ್ಯೂಮನ್‌ಗೆ 32 ವರ್ಷ. ಸಿಸಿಲಿ ದ್ವೀಪದಲ್ಲಿ ಒಬ್ಬರೇ ಸುತ್ತುತ್ತಿದ್ದಾಗ ಜ್ವರ ಬಂದು ಸಾಯುವ ಹಾಗಾಯಿತು. ಜೊತೆಗಿದ್ದವನು ಕೆಲಸದಾಳು ಒಬ್ಬನೇ. ಹೇಗೋ ಬದುಕಿ ಪಲೆರ್ಮೊಗೆ ಬಂದರೆ ಮೂರು ವಾರ ಹಡಗಿಲ್ಲ. ಕೊನೆಗೆ ಕಿತ್ತಳೆ ಹಣ್ಣು ತುಂಬಿದ ಒಂದು ದೋಣಿ ಸಿಕ್ಕಿತು. ಅದು ಬೊನಿಫಾಸಿಯೊ ಜಲಸಂಧಿಗೆ ಬಂದಾಗ ಗಾಳಿ ನಿಂತುಹೋಯಿತು. ಒಂದು ವಾರ ದೋಣಿ ಕದಲಲಿಲ್ಲ. ಊರಿಗೆ ಹೋಗಬೇಕು ಅಂತ ಜೀವ ಹಾರುತ್ತಿದೆ, ಹೋಗಲು ಗಾಳಿಯಿಲ್ಲ. ಜೂನ್ 16ರಂದು ಅಲ್ಲೇ ಬರೆದ ಪದ್ಯ ಅದು. ಅದರಲ್ಲಿ ಅವರು ದೂರದ್ದೇನನ್ನೂ ಕೇಳುವುದಿಲ್ಲ. ಮುಂದಿನ ಒಂದು ಹೆಜ್ಜೆ ಕಂಡರೆ ಸಾಕು ಅನ್ನುತ್ತಾರೆ. ಮಕ್ಕಳಿಗೆ ಆ ಸಾಲಿನ ಅರ್ಥ ಎಷ್ಟು ಸಲ ಹೇಳಿದ್ದೆನೋ! ಮೊದಲ ಸಲ ನನಗೆ ಅರ್ಥವಾಗಿದ್ದು ಆ ರಾತ್ರಿ.

ಅವರು ಆಕ್ಸ್‌ಫರ್ಡಿಗೆ ಬಂದಾಗ ಹದಿನಾರರ ಹುಡುಗ. ಟ್ರಿನಿಟಿ ಕಾಲೇಜಿನ ರೂಮಿನ ಎದುರಿನ ಗೋಡೆಯ ಮೇಲೆ ಸ್ನ್ಯಾಪ್‌ಡ್ರ್ಯಾಗನ್ ಹೂ ಬೆಳೆದಿತ್ತಂತೆ. ಬೆರಳಲ್ಲಿ ಒತ್ತಿದರೆ ಬಾಯಿ ತೆರೆಯುತ್ತಲ್ಲ, ಆ ಹೂವು. ಹಾಗೇ ನಾನೂ ಸಾಯುವವರೆಗೂ ಈ ಊರಿಗೆ ಅಂಟಿಕೊಂಡಿರುತ್ತೇನೆ ಅಂದುಕೊಂಡಿದ್ದರು. 21ನೇ ವಯಸ್ಸಿಗೆ ಓರಿಯಲ್ ಕಾಲೇಜಿನ ಫೆಲೋ. ಪಾಠ ಹೇಳುವುದು ಅಂದರೆ ಬರೀ ಪುಸ್ತಕ ಅಲ್ಲ, ಹುಡುಗರ ಬದುಕಿಗೂ ಮೇಷ್ಟ್ರು ಜವಾಬ್ದಾರರು ಅನ್ನುವುದು ಅವರ ಹಟ. ಕಾಲೇಜಿನ ಮುಖ್ಯಸ್ಥರಿಗೆ ಅದು ಹಿಡಿಸಲಿಲ್ಲ, ಹೊಸ ಹುಡುಗರನ್ನು ಇವರ ಹತ್ತಿರ ಕಳಿಸುವುದನ್ನೇ ನಿಲ್ಲಿಸಿದರು. ನನಗೆ ಈ ಮನುಷ್ಯ ಪೂರ್ತಿ ಇಷ್ಟವಾಗಿದ್ದು ಇಲ್ಲೇ.

ಆಮೇಲೆ ಆಕ್ಸ್‌ಫರ್ಡ್ ಚಳವಳಿ. ಇಂಗ್ಲೆಂಡಿನ ಚರ್ಚು ಸರ್ಕಾರದ ಇಲಾಖೆ ಅಲ್ಲ, ಅದರ ಬೇರು ಹಳೆಯ ಕಾಲದ ಸಂತರಲ್ಲಿದೆ ಅಂತ ಸಾರುತ್ತಾ ಸ್ನೇಹಿತರೆಲ್ಲ ಸೇರಿ ಕಿರುಹೊತ್ತಿಗೆಗಳನ್ನು ತಂದರು. ಆ ಬೇರು ಹುಡುಕುತ್ತಾ ಹೋದ ನ್ಯೂಮನ್‌ಗೆ 1839ರಲ್ಲಿ ಒಂದು ಅನುಮಾನ ಹುಟ್ಟಿತು. ನಾವು ನಿಂತಿರುವ ಜಾಗವೇ ತಪ್ಪೇ? ರೋಮಿನ ಕ್ಯಾಥೊಲಿಕ್ ಚರ್ಚೇ ಸರಿಯೇ? 1841ರಲ್ಲಿ ಅವರು ಬರೆದ 90ನೇ ಕಿರುಹೊತ್ತಿಗೆಗೆ ದೊಡ್ಡ ಗಲಾಟೆಯಾಯಿತು. ವಿಶ್ವವಿದ್ಯಾಲಯ ಅದನ್ನು ಖಂಡಿಸಿತು. ಮುಂದಿನ ವರ್ಷ ಅವರು ಲಿಟಲ್‌ಮೋರ್‌ಗೆ ಹೋಗಿ ಕೂತರು. ಅನುಮಾನ ಹುಟ್ಟಿದ್ದಕ್ಕೂ 1845ರಲ್ಲಿ ಆ ಚರ್ಚಿನ ಕಡೆ ಹೆಜ್ಜೆ ಇಟ್ಟಿದ್ದಕ್ಕೂ ನಡುವೆ ಆರು ವರ್ಷ.

"ನಾಳಿದ್ದು ಆ ಊರಿಗೆ ಹೋಗೋಣ ಕಣ್ರೀ" ಅಂದೆ. ಇವರು ಮರುಮಾತಾಡಲಿಲ್ಲ.

ಈಗ ಒಂದು ಮಾತು, ಹೋಗುವವರಿಗೆ. ಬಸ್ಸಿನಲ್ಲಿ ಸುಮ್ನೆ "ಲಿಟಲ್‌ಮೋರ್" ಅನ್ನಬೇಡಿ. ನಾವು ಹಾಗೆ ಹೇಳಿ, ಡ್ರೈವರ್ ಇಳಿಸಿದ ಕಡೆ ಇಳಿದೆವು. ಅದು ಆಸ್ಪತ್ರೆಯ ಸ್ಟಾಪ್, ರಿಂಗ್ ರಸ್ತೆಯ ಆಚೆ. ಮಳೆ ಹೊಡೆಯುತ್ತಿದೆ, ಲಾರಿಗಳು ಭರ್ರನೆ ಹೋಗುತ್ತಿವೆ, ಕೊಡೆ ಗಾಳಿಗೆ ತಿರುಗಿಕೊಂಡು ಕಡ್ಡಿ ಮುರಿಯಿತು. ನಲವತ್ತು ನಿಮಿಷ ನೆನೆದುಕೊಂಡು ನಡೆದೆವು. ಈಗ ನೆನೆಸಿಕೊಂಡರೂ ಬೇಜಾರು. ಹಳೆಯ ಚರ್ಚಿನ ಹತ್ತಿರ ಇಳಿಸಿ ಅಂತ ಬಿಡಿಸಿ ಹೇಳಿ. ಕೊಡೆ ಬೇಡ, ರೇನ್‌ಕೋಟ್ ಒಯ್ಯಿರಿ. ಮುಖ್ಯವಾಗಿ ಮೊದಲೇ ಫೋನ್ ಮಾಡಿ ಬರುತ್ತೇವೆ ಅಂತ ತಿಳಿಸಿ. ನ್ಯೂಮನ್ ಇದ್ದ ಮನೆಯನ್ನು ನೋಡಿಕೊಳ್ಳುವ ಕನ್ಯಾಸ್ತ್ರೀಯರು ವಾಸ ಮಾಡುವುದೂ ಅಲ್ಲೇ, ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ತಟ್ಟುವುದು ಚೆನ್ನಾಗಿರಲ್ಲ.

ಕಾಲೇಜ್ ಅಂತ ಹೆಸರು, ಆದರೆ ಅದು ಮೊದಲು ಕುದುರೆ ಲಾಯವಾಗಿದ್ದ ಕಟ್ಟಡ. ತಗ್ಗಿನ ಸೂರು, ಸಾಲಾಗಿ ಪುಟ್ಟ ಪುಟ್ಟ ಕೋಣೆಗಳು, ಮಧ್ಯೆ ಕೈತೋಟ. ಬಾಗಿಲು ತೆರೆದ ಸಿಸ್ಟರ್ ನಮ್ಮನ್ನು ನೋಡಿದವರೇ ಕೋಟುಗಳನ್ನು ಕೈಯಿಂದ ತೆಗೆದುಕೊಂಡು ಹೀಟರ್ ಮೇಲೆ ಹರಡಿದರು. ನನ್ನ ಕೋಟಿನ ತೋಳಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ನಾನು ಸಂಕೋಚದಿಂದ ಕರವಸ್ತ್ರ ತೆಗೆದು ಒರೆಸಲು ಬಗ್ಗಿದೆ. ಸಿಸ್ಟರ್ ನನ್ನ ಕೈ ಹಿಡಿದು ತಡೆದರು. "ಬಿಡಿ, ಈ ಮನೆಗೆ ನೆನೆದು ಬಂದವರಲ್ಲಿ ನೀವು ಮೊದಲಿಗರಲ್ಲ" ಅಂದರು.

ಹಾಗೆ ಶುರುವಾಯಿತು ಡೊಮಿನಿಕ್ ಬಾರ್ಬೆರಿಯ ಕಥೆ.

ಬಾರ್ಬೆರಿ ಇಟಲಿಯ ರೈತ ಕುಟುಂಬದ ಹುಡುಗ, ಚಿಕ್ಕಂದಿನಲ್ಲಿ ಕುರಿ ಕಾದವರು. ಆಮೇಲೆ ಕ್ಯಾಥೊಲಿಕ್ ಸನ್ಯಾಸಿಯಾದರು. ಇಂಗ್ಲೆಂಡಿಗೆ ಹೋಗಬೇಕು ಅನ್ನುವುದು ಅವರ ಎಷ್ಟೋ ವರ್ಷದ ಆಸೆ. ಬಂದಾಗ ಅವರ ಹರಕು ಮುರುಕು ಇಂಗ್ಲಿಷ್ ಕೇಳಿ ಜನ ನಕ್ಕರು, ಬೀದಿಯಲ್ಲಿ ಕಲ್ಲು ಹೊಡೆದರು. 1845ರ ಅಕ್ಟೋಬರ್ 8ರ ರಾತ್ರಿ ಅವರು ಐದು ಗಂಟೆ ಕುದುರೆ ಗಾಡಿಯ ಹೊರಗಿನ ಸೀಟಿನಲ್ಲಿ ಕೂತು, ಸುರಿಯುವ ಮಳೆಯಲ್ಲಿ ಬಂದರು. ಲಿಟಲ್‌ಮೋರ್ ಸೇರಿದಾಗ ರಾತ್ರಿ ಹನ್ನೊಂದರ ಹತ್ತಿರ. ಬೆಂಕಿಯ ಮುಂದೆ ಕೂತು ಬಟ್ಟೆ ಒಣಗಿಸಿಕೊಳ್ಳುತ್ತಿದ್ದಾಗ ಬಾಗಿಲು ತೆರೆಯಿತು. ನ್ಯೂಮನ್ ಒಳಗೆ ಬಂದವರೇ ಅವರ ಕಾಲ ಬಳಿ ಮಂಡಿಯೂರಿದರು. ನನ್ನನ್ನು ನಿಮ್ಮ ಚರ್ಚಿಗೆ ಸೇರಿಸಿಕೊಳ್ಳಿ ಅಂದರು. ಆ ರಾತ್ರಿಯೇ ಪಾಪನಿವೇದನೆ ಶುರುವಾಯಿತು. ಮುಗಿದಿದ್ದು ಮಾರನೆಯ ದಿನ. ಸಂಜೆಗೆ ಅವರು ಕ್ಯಾಥೊಲಿಕ್.

ಸಿಸ್ಟರ್ ಹೇಳಿ ಮುಗಿಸಿದರು. ನಾನು ಹೀಟರ್ ಮೇಲಿದ್ದ ನಮ್ಮ ಕೋಟುಗಳನ್ನೇ ನೋಡುತ್ತಿದ್ದೆ. ಹಬೆ ಏಳುತ್ತಿತ್ತು. ಇಡೀ ಇಂಗ್ಲೆಂಡ್ ಯಾರ ಮಾತು ಕೇಳಲು ಕಾಯುತ್ತಿತ್ತೋ ಆ ವಿದ್ವಾಂಸ, ನೆಟ್ಟಗೆ ಇಂಗ್ಲಿಷ್ ಬಾರದ ಒಬ್ಬ ಕುರಿ ಕಾಯುವವನ ಒದ್ದೆ ಕಾಲಿನ ಹತ್ತಿರ ಕೂತ. ಅಲ್ಲಿ ನಿಂತು ಇದನ್ನು ಕೇಳಿದಾಗ ಕಣ್ಣು ತುಂಬಿ ಬಂತು.

ಹೊರಗೆ ಬಂದಾಗ ಮಳೆ ನಿಂತಿತ್ತು. ನಾಲ್ಕು ಹೆಜ್ಜೆ ನಡೆದರೆ ಸೇಂಟ್ ಮೇರಿ ಮತ್ತು ಸೇಂಟ್ ನಿಕೊಲಸ್ ಚರ್ಚು. ಇದು ಆಂಗ್ಲಿಕನ್ ಚರ್ಚು, ಅಂದರೆ ಅವರು ಬಿಟ್ಟು ಹೋದದ್ದು. ಎಂಬತ್ತರ ಹತ್ತಿರದ ಒಬ್ಬ ಅಜ್ಜಿ ಹೂದಾನಿಯ ಒಣಗಿದ ಹೂಗಳನ್ನು ಕಿತ್ತು ಬುಟ್ಟಿಗೆ ಹಾಕುತ್ತಿದ್ದರು. ನಮ್ಮನ್ನು ಅವರೇ ಒಳಗೆ ಕರೆದು ಒಂದು ಕಲ್ಲಿನ ಕೆತ್ತನೆ ತೋರಿಸಿದರು. ನ್ಯೂಮನ್ ಅವರ ತಾಯಿ ಜೆಮೈಮಾ. 1835ರಲ್ಲಿ ಈ ಚರ್ಚಿಗೆ ಮೊದಲ ಕಲ್ಲು ಇಟ್ಟವರು ಅವರೇ. ಕಟ್ಟಿ ಮುಗಿಯುವುದರೊಳಗೆ ತೀರಿಕೊಂಡರು.

"ಅದಕ್ಕೂ ಮುಂಚೆ ಈ ಊರಿಗೆ ಚರ್ಚೇ ಇರಲಿಲ್ಲ" ಅಂದರು ಅಜ್ಜಿ. "ಕಟ್ಟಿಸಿದವರು ನ್ಯೂಮನ್ ಅವರೇ. ಇಲ್ಲಿನ ಮಕ್ಕಳಿಗೆ ಪಾಠ ಹೇಳಿದರು, ಹಾಡು ಹೇಳಿಕೊಟ್ಟರು. ಕೈ ತೊಳ್ಕೊಂಡು ಬನ್ನಿ, ತಲೆ ಬಾಚ್ಕೊಂಡು ಬನ್ನಿ ಅಂತ ಅದನ್ನೂ ಕಲಿಸಿದರು."

ನಾನು ಟೀಚರ್ ಆಗಿದ್ದೆ ಅಂತ ಹೇಳಿದೆ. ಅವರು ನನ್ನ ಕೈ ಅದುಮಿದರು.

ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ. "ನಮ್ಮ ಕಡೆ ಮತಾಂತರ ಅಂದರೆ ಪೇಪರ್ ತುಂಬಾ ಜಗಳ. ಆದರೆ ಇವರು ಮೊದಲೂ ಕ್ರಿಶ್ಚಿಯನ್, ಆಮೇಲೂ ಕ್ರಿಶ್ಚಿಯನ್ ಅಲ್ವಾ? ಅದಕ್ಕೆ ಅಷ್ಟೊಂದು ಯಾಕೆ?"

ಅಜ್ಜಿ ಬೆಂಚಿನ ಮೇಲೆ ಕೂತು, ನನ್ನನ್ನೂ ಕೂರಿಸಿಕೊಂಡರು. ಆಗಿನ ಇಂಗ್ಲೆಂಡಿನಲ್ಲಿ ಕ್ಯಾಥೊಲಿಕ್ ಅಂದರೆ ಪರದೇಶದವರ ಕಡೆ ಸೇರಿದವನು ಅಂತ ಅರ್ಥ. ಕ್ಯಾಥೊಲಿಕರು ಪಾರ್ಲಿಮೆಂಟಿನಲ್ಲಿ ಕೂರುವ ಹಾಗಾಗಿದ್ದೇ 1829ರಲ್ಲಿ. ಆಂಗ್ಲಿಕನ್ ಚರ್ಚಿನ ನಿಯಮಗಳಿಗೆ ಸಹಿ ಹಾಕದೆ ಆಕ್ಸ್‌ಫರ್ಡ್‌ಗೆ ಸೇರುವ ಹಾಗೇ ಇರಲಿಲ್ಲ. "ಕೆಲಸ ಹೋಯ್ತು, ಮನೆ ಹೋಯ್ತು, ಸ್ನೇಹಿತರು ಹೋದರು. ಹ್ಯಾರಿಯೆಟ್ ಅನ್ನುವ ತಂಗಿ ಸಾಯುವವರೆಗೂ ಅವರ ಮುಖ ನೋಡಲಿಲ್ಲ."

ನಮ್ಮಲ್ಲಿ ಒಂದು ಮಠದ ಸ್ವಾಮಿಗಳು ಪೀಠ ಬಿಟ್ಟು, ಕಾವಿ ಕಳಚಿಟ್ಟು, ಮೊನ್ನೆಯವರೆಗೂ ವಾದ ಮಾಡಿ ಸೋಲಿಸುತ್ತಿದ್ದ ಇನ್ನೊಂದು ಮತದ ಮಠದ ಬಾಗಿಲಲ್ಲಿ ನಿಂತ ಹಾಗೆ. ಹಾಗೆ ಅಂದುಕೊಂಡ ಮೇಲೆ ನನಗೆ ಅದರ ಭಾರ ತಿಳಿಯಿತು.

"ಕೊನೆಯ ಪ್ರವಚನ ಈ ಚರ್ಚಿನಲ್ಲೇ, 1843ರ ಸೆಪ್ಟೆಂಬರ್ 25" ಅಂದರು ಅಜ್ಜಿ. "ಸ್ನೇಹಿತರು ಅಗಲುವುದರ ಬಗ್ಗೆ ಮಾತಾಡಿದರು. ಜನ ಬಿಕ್ಕಿ ಬಿಕ್ಕಿ ಅತ್ತರು. ಅದಾಗಿ 25 ವರ್ಷದ ಮೇಲೆ, 1868ರಲ್ಲಿ, ನಮ್ಮ ಚರ್ಚಿನ ಗೇಟಿಗೆ ಒರಗಿಕೊಂಡು ಒಬ್ಬ ಮುದುಕ ಅಳುತ್ತಾ ನಿಂತಿದ್ದ. ಹಳೇ ಕೋಟು, ಕಾಲರ್ ಮೇಲೆತ್ತಿಕೊಂಡಿದ್ದ. ದಾರಿಯಲ್ಲಿ ಹೋಗುತ್ತಿದ್ದವರು ಗುರುತು ಹಿಡಿದರು. ಅವರೇ."

ಅಲ್ಲೇ, ಅಂತ ಕಿಟಕಿಯ ಆಚೆ ಬೆರಳು ತೋರಿಸಿದರು.

"ಬಿಟ್ಟು ಹೋದರು ಅಂತ ನಿಮಗೆ ಸಿಟ್ಟಿಲ್ಲವೇ?" ಅಂತ ಕೇಳಿದೆ.

"ಯಾಕೆ ಸಿಟ್ಟು? ಅವರು ಕಟ್ಟಿಸಿದ ಚರ್ಚಿನಲ್ಲೇ ನನ್ನ ಮದುವೆ ಆಯ್ತು. ಅವರ ಹಾಡು ಹಾಡಿ ನನ್ನ ಗಂಡನನ್ನು ಕಳಿಸಿಕೊಟ್ಟೆವು."

ಅವರಿಗೆ ಅದು ಸಾವಿನ ದಿನದ ಹಾಡು. ನಮಗೆ ಬೆಳಗ್ಗೆ ಒಂಬತ್ತೂಮುಕ್ಕಾಲಿಗೆ ಬಿಸಿಲಲ್ಲಿ ಸಾಲಾಗಿ ನಿಂತ ಮಕ್ಕಳ ಹಾಡು. ಅದನ್ನು ಹೇಳಿದಾಗ ಅಜ್ಜಿ ಬುಟ್ಟಿ ಕೆಳಗಿಟ್ಟು, "ನಿಮ್ಮ ಭಾಷೆಯಲ್ಲಿ ಹಾಡಿ" ಅಂದರು. ಹಾಡಿದೆ. ಎರಡನೇ ಸಾಲಿಗೆ ಗಂಟಲು ಕಟ್ಟಿತು, ಇವರು ಮೆಲ್ಲಗೆ ಸೇರಿಸಿದರು. ಆಮೇಲೆ ಅಜ್ಜಿ ಇಂಗ್ಲಿಷಿನಲ್ಲಿ ಹಾಡಿದರು. ಅವರ ಧಾಟಿ ಬೇರೆ, ನಮ್ಮದು ಬೇರೆ. ಒಂದರ ಮೇಲೆ ಒಂದು ಕೂರುವುದಿಲ್ಲ. ಒಬ್ಬರಾದ ಮೇಲೆ ಒಬ್ಬರು ಹಾಡಿದೆವು, ಅಷ್ಟೆ.

ಮುಂದಿನ ವಾರ ಬರ್ಮಿಂಗ್‌ಹ್ಯಾಮ್‌ಗೂ ಹೋದೆವು. ಅವರು ಸ್ಥಾಪಿಸಿದ ಒರೆಟರಿ, ಅಂದರೆ ಪಾದ್ರಿಗಳು ಒಟ್ಟಿಗಿರುವ ಮಠ, ದೊಡ್ಡದು, ಚೆಂದ ಇದೆ, ಬೇಕಾದಷ್ಟು ಅಮೃತಶಿಲೆ. ನನ್ನ ಮನಸ್ಸು ಅಲ್ಲಿ ನಿಲ್ಲಲಿಲ್ಲ. ಡಬ್ಲಿನ್‌ನ ಹೊಸ ಕ್ಯಾಥೊಲಿಕ್ ವಿಶ್ವವಿದ್ಯಾಲಯಕ್ಕೆ 1854ರಲ್ಲಿ ಅವರು ಮುಖ್ಯಸ್ಥರಾದರು. 1879ರಲ್ಲಿ ಪೋಪ್ ಅವರನ್ನು ಕಾರ್ಡಿನಲ್ ಮಾಡಿದರು. 1890ರಲ್ಲಿ, 89ನೇ ವಯಸ್ಸಿನಲ್ಲಿ ತೀರಿಕೊಂಡರು. 2019ರ ಅಕ್ಟೋಬರ್ 13ರಂದು ಸಂತ ಅಂತ ಘೋಷಿಸಿದಾಗ ಅದೇ ಸಮಾರಂಭದಲ್ಲಿ ಕೇರಳದ ಮರಿಯಂ ತ್ರೇಸ್ಯಾ ಕೂಡ ಸಂತರಾದರು. ಇದು ತಿಳಿದು ಯಾಕೋ ತುಂಬಾ ಸಂತೋಷವಾಯಿತು.

ಲಿಟಲ್‌ಮೋರ್‌ನಿಂದ ಹೊರಟ ಆ ಸಂಜೆಗೆ ಮತ್ತೆ ಬರುತ್ತೇನೆ. ಆಕ್ಸ್‌ಫರ್ಡ್‌ನಲ್ಲಿ ರೆಡಿಂಗ್ ರೈಲು ಹತ್ತಿದೆವು. 1846ರಲ್ಲಿ ಆಕ್ಸ್‌ಫರ್ಡ್ ಬಿಟ್ಟ ಮೇಲೆ ಆ ಊರನ್ನು ನೋಡಿದ್ದು ರೈಲಿನ ಕಿಟಕಿಯಿಂದ ಗೋಪುರಗಳು ಕಂಡಷ್ಟೇ ಅಂತ ನ್ಯೂಮನ್ 1864ರಲ್ಲಿ ಬರೆದಿದ್ದಾರೆ. ಟ್ರಿನಿಟಿ ಕಾಲೇಜು ಅವರನ್ನು ಗೌರವ ಫೆಲೋ ಮಾಡಿಕೊಂಡು ಕರೆಸಿದ್ದು 1878ರಲ್ಲಿ, 32 ವರ್ಷಗಳಾದ ಮೇಲೆ. ಇವರು ಎಡಗಡೆ ಕಿಟಕಿಯ ಹತ್ತಿರ ಕೂತಿದ್ದರು. "ಸ್ವಲ್ಪ ಏಳಿ" ಅಂದೆ. ಎದ್ದು ಜಾಗ ಬಿಟ್ಟುಕೊಟ್ಟರು. ಗಾಜಿಗೆ ಹಣೆ ಒತ್ತಿ ಹಿಂದಕ್ಕೆ ನೋಡಿದೆ. ಮರಗಳ ಮೇಲೆ ಮೂರೋ ನಾಲ್ಕೋ ಗೋಪುರಗಳು ಕಂಡವು. ಸೇಂಟ್ ಮೇರಿ ಯಾವುದು ಅಂತ ಗುರುತು ಹಿಡಿಯುವಷ್ಟರಲ್ಲಿ ರೈಲು ತಿರುಗಿತು.