ತಳದಲ್ಲಿ ಮಸಿ ಇದೆಯಾ ನೋಡು

ಬರ್ಮಿಂಗ್‌ಹ್ಯಾಮ್‌ನಲ್ಲಿ ಇರುವ ನಮ್ಮಂಥವರು ಊರಿಂದ ನೆಂಟರು ಬಂದರೆ ಲಂಡನ್ನಿಗೆ ಕರೆದುಕೊಂಡು ಹೋಗುತ್ತೇವೆ. ಸ್ಟೋಕ್-ಆನ್-ಟ್ರೆಂಟ್ ರೈಲಿನಲ್ಲಿ ಸುಮಾರು ಒಂದು ಗಂಟೆ ದೂರ, ಅಷ್ಟೇ. ಆದರೂ ಅಲ್ಲಿಗೆ ಯಾರೂ ಯಾರನ್ನೂ ಕರೆದುಕೊಂಡು ಹೋಗುವುದಿಲ್ಲ. ಹೋದ ಬೇಸಿಗೆಯಲ್ಲಿ ತಿಪಟೂರು ಕಡೆಯಿಂದ ನಮ್ಮತ್ತೆ ಬಂದಿದ್ದರು. ಅರಮನೆ, ಸೇತುವೆ, ದೊಡ್ಡ ಗಡಿಯಾರ ಎಲ್ಲ ಮುಗಿದ ಮೇಲೆ ಅವರಿಗೆ ಬೇಜಾರು ಬಂತು. "ಬರೀ ಕಟ್ಟಡಾನೇ ಆಯ್ತಲ್ಲಮ್ಮ, ಈ ಜನ ಮನೇಲಿ ಏನ್ ಇಟ್ಕೊಂಡಿದ್ರು, ಯಾವುದ್ರಲ್ಲಿ ಉಣ್ತಿದ್ರು, ಅದನ್ನ ತೋರ್ಸು" ಅಂದರು. ಮಡಕೆ ಕುಡಿಕೆ ನೋಡಬೇಕೆಂದರೆ ಸ್ಟೋಕ್‌ಗಿಂತ ಬೇರೆ ಊರು ಯಾವುದಿದೆ?

ಅದು ನಿಜವಾಗಿ ಒಂದು ಊರಲ್ಲ. ಟನ್‌ಸ್ಟಾಲ್, ಬರ್ಸ್‌ಲೆಮ್, ಹ್ಯಾನ್ಲಿ, ಸ್ಟೋಕ್, ಫೆಂಟನ್, ಲಾಂಗ್‌ಟನ್ ಎಂಬ ಆರು ಊರು 1910ರಲ್ಲಿ ಸೇರಿ ಒಂದಾದವು. ಆರಕ್ಕೂ ಕುಂಬಾರಿಕೆಯೇ ಹೊಟ್ಟೆಪಾಡು. ಮಣ್ಣು ಮತ್ತು ಕಲ್ಲಿದ್ದಲು ಎರಡೂ ಒಂದೇ ನೆಲದಲ್ಲಿ ಸಿಕ್ಕಿದ್ದೇ ಕಾರಣ. ಇಟ್ಟಿಗೆಯಲ್ಲಿ ಕಟ್ಟಿದ ಬಾಟಲಿ ಆಕಾರದ ಆವಿಗೆಗಳು ಒಂದು ಕಾಲದಲ್ಲಿ ಎರಡು ಸಾವಿರದಷ್ಟು ಹೊಗೆಯಾಡುತ್ತಿದ್ದವಂತೆ. ಈಗ ಐವತ್ತೂ ಉಳಿದಿಲ್ಲ.

ಹ್ಯಾನ್ಲಿಯಲ್ಲಿರುವ ಪಾಟರೀಸ್ ಮ್ಯೂಸಿಯಂಗೆ ಟಿಕೆಟ್ ಇಲ್ಲ. ಅತ್ತೆಗೆ ಇದು ಮೊದಲ ಸಮಾಧಾನ. ಅಲ್ಲಿ ಒಂದು ಸ್ಪಿಟ್‌ಫೈರ್ ಯುದ್ಧವಿಮಾನ ಇದೆ, ಹೊಲದಲ್ಲಿ ಸಿಕ್ಕಿದ ಆಂಗ್ಲೋ-ಸ್ಯಾಕ್ಸನ್ ಚಿನ್ನದ ನಿಧಿಯ ಒಂದು ಪಾಲೂ ಇದೆ. ಜನ ಇರುವುದು ಅವುಗಳ ಮುಂದೆ. ನಾವು ಅದನ್ನೆಲ್ಲ ದಾಟಿಕೊಂಡು ಮಣ್ಣಿನ ಪಾತ್ರೆಗಳ ಕಡೆಗೆ ಹೋದೆವು.

ನಮ್ಮತ್ತೆ ಯಾವ ಪಾತ್ರೆ ಕಂಡರೂ ಮೊದಲು ತಳ ನೋಡುವವರು. ಅಂಗಡಿಯಲ್ಲಾದರೆ ಎತ್ತಿ, ತಿರುಗಿಸಿ, ಬೆರಳಲ್ಲಿ ತಟ್ಟಿ ನೋಡುತ್ತಾರೆ. ಇಲ್ಲಿ ಗಾಜು ಅಡ್ಡ. ಹಾಗಾಗಿ ಸೀರೆ ನೆರಿಗೆ ಹಿಡಿದುಕೊಂಡು, ಗಾಜಿನ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಕೆಳಗಿನಿಂದ ಇಣುಕಿದರು. ಕಾವಲಿನವನು ಓಡಿ ಬಂದು ಏನಾದರೂ ಬಿದ್ದುಹೋಯಿತೇ ಎಂದು ಕೇಳಿದ. ಇಲ್ಲ, ಪಾತ್ರೆ ನೋಡುತ್ತಿದ್ದಾರೆ ಅಂದೆ. ಅವನಿಗೆ ಅರ್ಥವಾಗಲಿಲ್ಲ, ಆದರೆ ನಕ್ಕ.

ಮೊದಲು ಕಂಡವು 17ನೇ ಶತಮಾನದ ಕೊನೆಯ ಭಾಗದ ದೊಡ್ಡ ದೊಡ್ಡ ತಟ್ಟೆಗಳು. ಕೆಲವು ನಮ್ಮ ಮೊರದಷ್ಟು ಅಗಲ. ಬರ್ಸ್‌ಲೆಮ್ ಸುತ್ತಮುತ್ತ ಮಾಡಿದವು. ಒರಟು ಮಣ್ಣಿನ ತಟ್ಟೆಯ ಮೇಲೆ ಮೊದಲು ಬಿಳಿ ಮಣ್ಣಿನ ಬಗ್ಗಡ ಹರಡುತ್ತಾರೆ. ಅದರ ಮೇಲೆ ಬೇರೆ ಬಣ್ಣದ ಬಗ್ಗಡದಲ್ಲಿ ಗೆರೆ ಎಳೆಯುತ್ತಾರೆ. ಒಂದು ಸಣ್ಣ ಮಣ್ಣಿನ ಕುಡಿಕೆ, ಅದರ ಮೂತಿಗೆ ಸಿಕ್ಕಿಸಿದ ಹಕ್ಕಿಯ ಗರಿಯ ಕೊಳವೆ, ಇಷ್ಟೇ ಸಲಕರಣೆ. ಕೈ ನಿಂತರೆ ಅಲ್ಲಿ ಗುಪ್ಪೆ ಬೀಳುತ್ತದೆ, ಅವಸರ ಮಾಡಿದರೆ ಗೆರೆ ಹರಿಯುತ್ತದೆ. ಕಡು ಗೆರೆಗಳ ಮೇಲೆ ಸಾಲಾಗಿ ಬಿಳಿ ಚುಕ್ಕಿ ಇಟ್ಟು ಹೋಗಿದ್ದಾರೆ. ಅಂಚಿನಲ್ಲಿ ಜಾಲರಿ. ಜಾಲರಿಯ ನಡುವೆ ಮಾಡಿದವನ ಹೆಸರು. ಥಾಮಸ್ ಟಾಫ್ಟ್ ಅನ್ನುವವನದು ಇದರಲ್ಲಿ ದೊಡ್ಡ ಹೆಸರು, 1689ರಲ್ಲಿ ತೀರಿಕೊಂಡ. ಅವನ ಹೆಸರಿನ ತಟ್ಟೆಗಳಲ್ಲಿ ಮತ್ಸ್ಯಕನ್ಯೆ, ಸಿಂಹ, ರಾಜ ರಾಣಿ ಇರುತ್ತಾರೆ. 1651ರ ಯುದ್ಧದಲ್ಲಿ ಸೋತು ಓಕ್ ಮರ ಹತ್ತಿ ಬಚ್ಚಿಟ್ಟುಕೊಂಡ ಎರಡನೇ ಚಾರ್ಲ್ಸ್ ಕೂಡ ಇದ್ದಾನೆ. ರಾಜನ ಮುಖ ಎಲೆಗಳ ನಡುವೆ ಹಲಸಿನ ಕಾಯಿಯ ಜಾಗದಲ್ಲಿ ನೇತುಬಿದ್ದಿರುತ್ತದೆ. ನನಗೆ ಈ ಚಿತ್ರಗಳು ತುಂಬ ಇಷ್ಟ. ರಾಜನನ್ನು ಇಷ್ಟು ಸಲಿಗೆಯಿಂದ ಬರೆದ ಕೈ ನಾನು ಬೇರೆಲ್ಲೂ ನೋಡಿಲ್ಲ.

ಅತ್ತೆ ಮಾತ್ರ ಎದ್ದು ನಿಂತು ಮಂಡಿ ಒರೆಸಿಕೊಂಡರು. "ಮಸಿ ಇಲ್ಲ. ಒಳಗೆ ಗೀರೂ ಇಲ್ಲ. ಇದ್ರಲ್ಲಿ ಯಾರೂ ಉಂಡೇ ಇಲ್ಲ ಕಣಮ್ಮ."

ಅವರು ಹೇಳಿದ್ದು ಸರಿ. ಇಂಥ ತಟ್ಟೆಗಳನ್ನು ಮಾಡಿಸಿದ್ದೇ ಕಪಾಟಿನಲ್ಲಿ ನಿಲ್ಲಿಸಲು. ದಿನಾ ಬಳಸಿದ್ದರೆ ಮುನ್ನೂರ ಚಿಲ್ಲರೆ ವರ್ಷ ಉಳಿಯುತ್ತಲೇ ಇರಲಿಲ್ಲ. ಹಾಗೆ ನೋಡಿದರೆ ಮ್ಯೂಸಿಯಂ ತುಂಬ ಇರುವುದು ಬಳಸದೆ ಉಳಿದ ಪಾತ್ರೆಗಳು. ಗೃಹಬಳಕೆ ಅಂತ ಫಲಕದಲ್ಲಿ ಬರೆದಿರುತ್ತಾರೆ, ಪಾಪ.

ಪಕ್ಕದ ಸಾಲಿನಲ್ಲಿ ಎರಡು ಹಿಡಿ ಮತ್ತು ಒಂದು ಮೂತಿ ಇರುವ ಮುಚ್ಚಳದ ಗಡಿಗೆಗಳಿದ್ದವು. ಪಾಸೆಟ್ ಎಂಬ ಪಾನೀಯಕ್ಕೆ ಮಾಡಿದವು. ಬಿಸಿ ಹಾಲಿಗೆ ಏಲ್ ಬಿಯರ್ ಅಥವಾ ವೈನ್ ಸೇರಿಸಿದರೆ ಹಾಲು ಒಡೆಯುತ್ತದೆ. ಮೇಲೆ ತೇಲುವ ಕೆನೆಗಟ್ಟಿದ ಭಾಗವನ್ನು ಚಮಚದಲ್ಲಿ ತಿನ್ನುತ್ತಿದ್ದರು, ಕೆಳಗಿನ ರಸವನ್ನು ಮೂತಿಗೆ ಬಾಯಿ ಇಟ್ಟು ಹೀರುತ್ತಿದ್ದರು. ಒಬ್ಬರಿಂದ ಒಬ್ಬರಿಗೆ ಗಡಿಗೆ ಹೋಗುತ್ತಿತ್ತು. "ಹಾಲಿಗೆ ಹೆಂಡ ಹಾಕಿ ಒಡೆಸ್ತಾರಾ? ಅದೂ ಎಂಜಲು ಮೂತೀಲಿ?" ಎಂದು ಅತ್ತೆ ಮುಖ ಸಿಂಡರಿಸಿದರು. ಆದರೆ ಮದುವೆ, ಹಬ್ಬಗಳಿಗೆಂದು ಹೆಸರು, ಇಸವಿ ಹಾಕಿಸಿ ಮಾಡಿಸುತ್ತಿದ್ದರು ಅಂದ ತಕ್ಷಣ ಅವರ ಧಾಟಿ ಬದಲಾಯಿತು. "ಐರಣಿ ಮಡಕೆ ಇದ್ದಂಗೆ ಅನ್ನು" ಅಂದರು.

ಅವರ ಮದುವೆಯಲ್ಲಿ ಕುಂಬಾರರ ಮನೆಗೆ ಓಲಗದ ಜೊತೆ ಹೋಗಿ ಐರಣಿ ತಂದಿದ್ದರಂತೆ. ಸುಣ್ಣದಲ್ಲಿ ಪಟ್ಟೆ ಬಳಿದು, ಕೆಮ್ಮಣ್ಣಿನ ಚುಕ್ಕಿ ಇಟ್ಟ ಮಡಕೆಗಳು. ದಿನಾ ಸಾರು ಕುದಿಯುವ ಮಡಕೆಗೆ ಯಾರೂ ಒಂದು ಗೆರೆಯನ್ನೂ ಎಳೆಯುತ್ತಿರಲಿಲ್ಲ. ಮದುವೆ ಮುಗಿದ ಮೇಲೆ ಆ ಐರಣಿ ಏನಾಯಿತು ಎಂದು ಕೇಳಿದೆ. "ಅಟ್ಟದ ಮೇಲಿತ್ತು. ಇಲಿ ಬೀಳಿಸ್ತು."

ಇನ್ನೊಂದು ಮೂಲೆಗೆ ಹೋದಾಗ ಅತ್ತೆ ತಾವೇ ನನ್ನನ್ನು ಕೂಗಿ ಕರೆದರು. ಅಲ್ಲಿ ಒಂದು ಅಗಲವಾದ, ಆಳ ಕಡಿಮೆಯ ಬೇಯಿಸುವ ತಟ್ಟೆ. ಹಳದಿ ಮತ್ತು ಕಂದು ಗೆರೆಗಳು ನೀರಿನ ಅಲೆಯ ಹಾಗೆ ಬಾಗಿದ್ದವು. ಹೊರಗಡೆ ಕಪ್ಪು ಹಿಡಿದಿತ್ತು. ಒಳಗೆ ಚಾಕುವಿನ ಗೀರುಗಳು, ಒಂದರ ಮೇಲೊಂದು. ಅಂಚು ಕರ್ಜಿಕಾಯಿ ಅಂಚಿನ ಹಾಗೆ ಒತ್ತಿ ಒತ್ತಿ ಮಡಚಿದ್ದು. ಇದರ ಕೆಲಸವೂ ಸಲೀಸು. ಮಣ್ಣನ್ನು ಹೋಳಿಗೆ ಕಣಕದಷ್ಟು ಚಪ್ಪಟೆ ತಟ್ಟಿ, ಅದರ ಮೇಲೆ ಬಗ್ಗಡದ ಸಾಲುಗಳನ್ನು ಬಿಟ್ಟು, ಹಸಿ ಇರುವಾಗಲೇ ಬಾಚಣಿಗೆಯಂಥ ಸಾಧನದಲ್ಲಿ ಒಮ್ಮೆ ಎಳೆದರೆ ಅಲೆ ಮೂಡುತ್ತದೆ. ಆಮೇಲೆ ಅಚ್ಚಿನ ಮೇಲೆ ಹೊದಿಸಿ ಒತ್ತುವುದು. ಹೆಸರಿಲ್ಲ, ಇಸವಿ ಇಲ್ಲ, ರಾಜನೂ ಇಲ್ಲ. ಅಲಂಕಾರವೂ ಇದೆ, ಅಡುಗೆಯೂ ಆಗಿದೆ. ಇಡೀ ಕೋಣೆಯಲ್ಲಿ ನಮ್ಮತ್ತೆ ಒಪ್ಪಿದ ಮೊದಲ ಪಾತ್ರೆ ಅದು. ಟಾಫ್ಟ್‌ನ ಮತ್ಸ್ಯಕನ್ಯೆಗಳನ್ನು ಇಷ್ಟಪಡುವ ನಾನೂ ಅದರ ಮುಂದೆ ಜಾಸ್ತಿ ಹೊತ್ತು ನಿಂತೆ.

"ಇಷ್ಟು ಹೊಳಪು ಹೆಂಗೆ ಬಂತು?" ಎಂದರು. ಸೀಸದಿಂದ. ಸೀಸದ ಅದಿರನ್ನು ಪುಡಿ ಮಾಡಿ ಹಸಿ ಪಾತ್ರೆಯ ಮೇಲೆ ಉದುರಿಸುತ್ತಿದ್ದರು. ಬೆಂಕಿಯಲ್ಲಿ ಅದು ಕರಗಿ ಗಾಜಿನಂತೆ ಅಂಟಿಕೊಳ್ಳುತ್ತಿತ್ತು. ಮಣ್ಣಿನಲ್ಲಿರುವ ಕಬ್ಬಿಣದಿಂದಾಗಿ ಜೇನಿನ ಬಣ್ಣ ಬರುತ್ತಿತ್ತು. ಹುಳಿ ಪದಾರ್ಥ ಇಟ್ಟರೆ ಸೀಸ ಊಟಕ್ಕೆ ಇಳಿಯುವುದೂ ಇತ್ತು. ಅದಕ್ಕಿಂತ ಮೊದಲು ಪೆಟ್ಟು ಬೀಳುತ್ತಿದ್ದದ್ದು ಕೆಲಸ ಮಾಡುವವರಿಗೆ. ಆ ವಿಷ 19ನೇ ಶತಮಾನದಲ್ಲೂ ಇಲ್ಲಿನ ಕಾರ್ಖಾನೆಗಳಲ್ಲಿ ಪಾತ್ರೆಗಳನ್ನು ಮೆರುಗಿನಲ್ಲಿ ಅದ್ದುವವರನ್ನು ಬಿಡಲಿಲ್ಲ. ಅತ್ತೆ ಹುಣಸೆ ಸಾರಿನ ಲೆಕ್ಕ ಹಾಕುತ್ತಿದ್ದರು ಅಂತ ಕಾಣುತ್ತದೆ. "ನಮ್ ಮಡಕೇನೇ ವಾಸಿ. ಗಂಜಿ ಕುದಿಸಿ ಪಳಗಿಸಿದ್ರೆ ಆಯ್ತು" ಅಂದರು. ಮೆರುಗಿಲ್ಲದ ನಮ್ಮ ಮಡಕೆ ನೀರನ್ನು ಒಸರಿ ಒಸರಿ ತಣ್ಣಗೆ ಮಾಡುತ್ತದೆ. ಈ ಚಳಿ ದೇಶದವರಿಗೆ ತಣ್ಣೀರು ಯಾಕೆ ಬೇಕು? ಬೆಣ್ಣೆ, ಬಿಯರ್, ಹಾಲು ಒಸರದೆ ನಿಂತರೆ ಸಾಕಿತ್ತು.

ಈ ಕುಂಬಾರರ ಬಗ್ಗೆ ಕಣ್ಣಾರೆ ಕಂಡು ಬರೆದವನು ರಾಬರ್ಟ್ ಪ್ಲಾಟ್. ಆಕ್ಸ್‌ಫರ್ಡಿನ ಆಶ್ಮೋಲಿಯನ್ ಮ್ಯೂಸಿಯಂನ ಮೊದಲ ಮುಖ್ಯಸ್ಥ. ಈ ಊರುಗಳಿರುವ ಸ್ಟ್ಯಾಫರ್ಡ್‌ಷೈರ್ ಸೀಮೆಯ ಬಗ್ಗೆ 1686ರಲ್ಲಿ ಅವನು ಅಚ್ಚು ಹಾಕಿಸಿದ ಪುಸ್ತಕದಲ್ಲಿ ಬರ್ಸ್‌ಲೆಮ್‌ನ ಮಣ್ಣುಗಳ ವಿವರ ಇದೆ. ಅವರು ಬಿಳಿ ಅನ್ನುವ ಮಣ್ಣು ಹಸಿಯಲ್ಲಿ ಕಪ್ಪು ನೀಲಿ, ಸುಟ್ಟ ಮೇಲೆ ಹಳದಿ. ಕೆಂಪು ಅನ್ನುವುದು ಸುಟ್ಟಮೇಲೆ ಕಪ್ಪು. ಅಂದರೆ ಟಾಫ್ಟ್‌ನಂಥವರು ಚಿತ್ರ ಬರೆಯುವಾಗ ಕಣ್ಣೆದುರು ಇದ್ದ ಬಣ್ಣವೇ ಬೇರೆ, ಆವಿಗೆಯಿಂದ ಹೊರಬರುತ್ತಿದ್ದ ಬಣ್ಣವೇ ಬೇರೆ. ಸುಮಾರು ಒಂದು ಹಗಲು ಒಂದು ರಾತ್ರಿ ಉರಿ. ಆಮೇಲೆ ಬಡ ವ್ಯಾಪಾರಿಗಳು ಅವನ್ನು ಬೆನ್ನಿಗೆ ಹೊತ್ತು ಊರೂರು ತಿರುಗುತ್ತಿದ್ದರಂತೆ.

ಪ್ಲಾಟ್ ಬರೆದದ್ದರಲ್ಲಿ ಅತ್ತೆಗೆ ರುಚಿಸಿದ್ದು ಬೆಣ್ಣೆ ಗಡಿಗೆಯ ಕತೆ. ಬರ್ಸ್‌ಲೆಮ್‌ನಲ್ಲಿ ಮಾಡುತ್ತಿದ್ದ ಆ ಗಡಿಗೆ ನೋಡಲು ಏನೂ ಇಲ್ಲ. ಉದ್ದನೆಯ ಕೊಳವೆಯಂಥ ಆಕಾರ, ಒರಟು, ಒಂದು ಹೂವಿಲ್ಲ ಎಲೆಯಿಲ್ಲ. ಅದರಲ್ಲಿ ಬೆಣ್ಣೆ ತುಂಬಿ ಅಟಾಕ್ಸಿಟರ್ ಎಂಬ ಊರಿನ ಸಂತೆಗೆ ತರುತ್ತಿದ್ದರು. ಅಲ್ಲಿಂದ ಲಂಡನ್ ವ್ಯಾಪಾರಿಗಳು ಕೊಳ್ಳುತ್ತಿದ್ದರು. ಗಡಿಗೆಯ ತೂಕ 6 ಪೌಂಡಿಗಿಂತ ಹೆಚ್ಚಿರಬಾರದು, ಒಳಗೆ ಕಡಿಮೆ ಅಂದರೂ 14 ಪೌಂಡ್ ಬೆಣ್ಣೆ ಹಿಡಿಸಬೇಕು ಅಂತ ಪಾರ್ಲಿಮೆಂಟೇ ಕಾನೂನು ಮಾಡಿತ್ತು. ಯಾಕೆಂದರೆ ಕೆಲವರು ಗಡಿಗೆಯ ಗೋಡೆಯನ್ನೇ ದಪ್ಪ ಮಾಡಿಸುತ್ತಿದ್ದರು. ಇನ್ನು ಕೆಲವರು ಮೇಲೆ ಒಳ್ಳೆ ಬೆಣ್ಣೆ, ತಳದಲ್ಲಿ ಕೆಟ್ಟದ್ದು. ಉಂಡೆಗಳನ್ನು ಮೇಲ್ಭಾಗ ಮಾತ್ರ ತಾಗುವ ಹಾಗೆ ಇಟ್ಟು, ಕೆಳಗೆ ಟೊಳ್ಳು ಬಿಡುವ ಚಾಲಾಕಿಗಳೂ ಇದ್ದರು. ವ್ಯಾಪಾರಿಗಳು ಬೇಸಿಗೆಯುದ್ದಕ್ಕೂ ಒಬ್ಬ ತಪಾಸಣೆಯವನನ್ನು ಇಟ್ಟುಕೊಂಡಿದ್ದರು. ಅನುಮಾನ ಬಂದರೆ ಅವನು ಉದ್ದನೆಯ ಕಬ್ಬಿಣದ ಕೊಳವೆಯನ್ನು ತಳದವರೆಗೆ ಚುಚ್ಚಿ ಎಳೆದು ನೋಡುತ್ತಿದ್ದ.

ಅತ್ತೆ ಜೋರಾಗಿ ನಕ್ಕರು. ಸುತ್ತಲಿನವರು ತಿರುಗಿ ನೋಡಿದರು. ತಮ್ಮೂರ ಸಂತೆಯಲ್ಲಿ ಬೆಣ್ಣೆ ಉಂಡೆಯೊಳಗೆ ಬೇಯಿಸಿದ ಗೆಣಸು ಸೇರಿಸುತ್ತಿದ್ದ ಒಬ್ಬಾಕೆಯ ಕತೆ ಶುರುವಾಯಿತು. ಅದು ಬೇಲೂರು ಹಳೇಬೀಡಿನಷ್ಟು ಉದ್ದದ ಕತೆ, ಇಲ್ಲಿ ಬೇಡ. "ಕಡ್ಡಿ ಚುಚ್ಚಿ ನೋಡೋದು ನಂಗೂ ನಮ್ಮವ್ವ ಹೇಳ್ಕೊಟ್ಟಿದ್ಲು" ಎಂದು ಮುಗಿಸಿದರು. ಆ ಗಡಿಗೆಯ ಮುಂದೆ ನಾವು ಇದ್ದಷ್ಟು ಹೊತ್ತು ಬೇರೆ ಯಾರೂ ಅಲ್ಲಿ ನಿಲ್ಲಲಿಲ್ಲ.

18ನೇ ಶತಮಾನದ ಪಾತ್ರೆಗಳನ್ನು ಬೇಗ ಬೇಗ ದಾಟಿದೆವು. ಇದೇ ಬರ್ಸ್‌ಲೆಮ್‌ನಲ್ಲಿ 1730ರಲ್ಲಿ ಹುಟ್ಟಿದ ಕುಂಬಾರ ಜೋಸಯ್ಯ ವೆಜ್‌ವುಡ್‌ನ ಕಾಲಕ್ಕೆ ಕೆನೆ ಬಣ್ಣದ ನುಣುಪು ತಟ್ಟೆಗಳು ಬಂದು ಹಳೆಯ ಒರಟು ಕೆಲಸವನ್ನು ಮೂಲೆಗೆ ತಳ್ಳಿದವು. ಚೆನ್ನಾಗಿವೆ, ಆದರೆ ನನಗೇನೂ ಅನಿಸಲಿಲ್ಲ.

ನಿಲ್ಲಿಸಿದ್ದು ಹಸುಗಳು. ಒಂದು ಪೆಟ್ಟಿಗೆ ತುಂಬ ಸಣ್ಣ ಸಣ್ಣ ಹಸು, ಚಹಾಕ್ಕೆ ಹಾಲು ಬಗ್ಗಿಸುವ ಪಾತ್ರೆಗಳು. ಗೇಬ್ರಿಯೆಲ್ ಕೀಲರ್ ಎಂಬ ಸಂಗ್ರಾಹಕಿ 1962ರಲ್ಲಿ ಕೊಟ್ಟ 667 ಹಸುಗಳ ಸಂಗ್ರಹ ಈ ಮ್ಯೂಸಿಯಂನದು. ಕಂದು ಮಚ್ಚೆ, ಹಳದಿ ಮಚ್ಚೆ, ಕೆಲವಕ್ಕೆ ಪಕ್ಕದಲ್ಲಿ ಹಾಲು ಕರೆಯುವ ಹೆಂಗಸು. ಬೆನ್ನಿನ ತೂತಿಗೆ ಹಾಲು ಹಾಕಿ ಮುಚ್ಚಳ ಮುಚ್ಚಬೇಕು. ಬಾಲವೇ ಹಿಡಿ. ಹಾಲು ಬರುವುದು ಬಾಯಿಂದ.

"ಬಾಯಿಂದಾನಾ?"

"ಹೂಂ ಅತ್ತೆ."

"ಕೆಚ್ಚಲು ಇಟ್ಟವ್ರೆ, ಹಾಲು ಮಾತ್ರ ಬಾಯಿಂದ. ಇದನ್ನ ತೊಳೆಯೋದು ಹೆಂಗೆ?"

ತೊಳೆಯುವುದು ಕಷ್ಟವೇ. ಒಳಗೆ ಕೈ ಹೋಗುವುದಿಲ್ಲ, ಕಾಲುಗಳ ಸಂದಿಯಲ್ಲಿ ಹಾಲು ನಿಂತು ಹುಳಿಯುತ್ತದೆ. ಶುಚಿಯ ಬಗ್ಗೆ ಜನರಿಗೆ ಎಚ್ಚರ ಬಂದಂತೆ ಇವುಗಳ ಬಳಕೆ ಕಡಿಮೆಯಾಯಿತು. ಒಡೆಯದೆ ಇಷ್ಟು ಉಳಿದದ್ದೂ ಅದಕ್ಕೇ ಇರಬೇಕು, ಅಲ್ವಾ?

ಕೊನೆಗೆ ಗೂಬೆ. ಈ ಮ್ಯೂಸಿಯಂನ ಮುದ್ದಿನ ಮಗ ಅವನು, ಹೆಸರು ಓಝಿ. 17ನೇ ಶತಮಾನದ ಕೊನೆಯಲ್ಲಿ ಮಾಡಿದ ಹೂಜಿ. ಮೈ ಮೇಲೆ ಬಾಚಣಿಗೆ ಎಳೆದ ಅದೇ ಅಲೆಗಳು ಗರಿಯಾಗಿವೆ. ತಲೆ ಕಳಚಿದರೆ ಅದೇ ಕುಡಿಯುವ ಬಟ್ಟಲು. 1990ರಲ್ಲಿ ಟಿವಿಯ ಹಳೆ ಸಾಮಾನು ಪರೀಕ್ಷಿಸುವ ಕಾರ್ಯಕ್ರಮಕ್ಕೆ ಒಬ್ಬ ಹೆಂಗಸು ಇದನ್ನು ತಂದಿದ್ದಳು. ಮನೆಯಲ್ಲಿ ಹೂ ಇಡಲು ಬಳಸುತ್ತಿದ್ದಳಂತೆ. ಪರಿಣತರು ಸುಮಾರು 20,000 ಪೌಂಡ್ ಬೆಲೆ ಕಟ್ಟಿದರು. ಆಮೇಲೆ ಮ್ಯೂಸಿಯಂ ಕೊಂಡುಕೊಂಡಿತು.

ಅತ್ತೆಗೆ ಬೆಲೆಗಿಂತ ದೊಡ್ಡ ಚಿಂತೆ ಬೇರೆ ಇತ್ತು. "ಗೂಬೇನ ಮನೆ ಒಳಗೆ ಇಟ್ಕೊಳ್ತಾರಾ? ಅದರ ತಲೇಲಿ ಕುಡೀತಾರಾ?"

"ಇವರಿಗೆ ಗೂಬೆ ಅಂದ್ರೆ ಬುದ್ಧಿವಂತ ಹಕ್ಕಿ ಅತ್ತೆ."

"ಬುದ್ಧಿವಂತ ಆಗಿದ್ರೆ ಹೊರಗೇ ಇರ್ತಿತ್ತು" ಅಂದರು. ಅಷ್ಟು ಹೇಳಿಯೂ ಗೂಬೆಯ ತಳ ನೋಡಲು ಮತ್ತೆ ಕುಕ್ಕರಗಾಲಲ್ಲಿ ಕೂತರು. ಈ ಸಲ ಕಾವಲಿನವನು ಬರಲಿಲ್ಲ.