ನಾಯಿಯನ್ನು ಟ್ರೆಕ್ಕಿಂಗ್‌ಗೆ ಕರೆದುಕೊಂಡು ಹೋಗಬಹುದಾ?

"ನಿಮ್ಮ ಕರಿಯನನ್ನು ಬೆಟ್ಟ ಗುಡ್ಡ ಎಲ್ಲಾ ಸುತ್ತಿಸ್ತೀರಲ್ಲ, ನಮ್ಮ ನಾಯಿಯನ್ನೂ ಟ್ರೆಕ್ಕಿಂಗ್‌ಗೆ ಕರ್ಕೊಂಡು ಹೋಗಬಹುದಾ? ಯಾವ ಜಾಗ ಚೆನ್ನಾಗಿದೆ?" ನಾಯಿ ಸಾಕಿರುವ ಗೆಳೆಯರು ಸಿಕ್ಕಾಗಲೆಲ್ಲ ಇದೇ ಪ್ರಶ್ನೆ. ಕೇಳುವವರ ಮನಸ್ಸಿನಲ್ಲಿ ಜಾಗ ಆಗಲೇ ಗೊತ್ತಾಗಿರುತ್ತದೆ. ಕುಮಾರ ಪರ್ವತ, ಇಲ್ಲವೇ ಕುದುರೆಮುಖ. ನನ್ನಿಂದ ಬೇಕಿರುವುದು ಒಂದು 'ಹ್ಞೂಂ' ಅಷ್ಟೇ.

ಆ ಎರಡಕ್ಕೂ ನನ್ನ ಉತ್ತರ 'ಬೇಡ'. ಕುಮಾರ ಪರ್ವತ ಇರುವುದು ಪುಷ್ಪಗಿರಿ ವನ್ಯಜೀವಿ ಧಾಮದಲ್ಲಿ, ಕುದುರೆಮುಖ ಇರುವುದು ರಾಷ್ಟ್ರೀಯ ಉದ್ಯಾನದಲ್ಲಿ. ಸಾಕುನಾಯಿಗೆ ಅಲ್ಲಿ ಪ್ರವೇಶವಿಲ್ಲ. 2024ರಿಂದ ಮನುಷ್ಯರೇ ಮೊದಲು ಆನ್‌ಲೈನ್‌ನಲ್ಲಿ ಬುಕ್ ಮಾಡಿಕೊಂಡು, ದಿನಕ್ಕೆ ಇಷ್ಟೇ ಜನ ಅನ್ನುವ ಲೆಕ್ಕದಲ್ಲಿ ಹೋಗಬೇಕು. ಗಾರ್ಡ್ ಕಣ್ಣು ತಪ್ಪಿಸಿ ನುಗ್ಗುವ ದಾರಿ ನನ್ನನ್ನು ಕೇಳಬೇಡಿ.

"ನಮ್ಮದು ಯಾರನ್ನೂ ಕಚ್ಚಲ್ಲ" ಅನ್ನುತ್ತಾರೆ. ಕಚ್ಚಲೇಬೇಕು ಅಂತೇನಿಲ್ಲ. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ಸುಮಾರು ಮೂರನೇ ಒಂದು ಭಾಗ ಸಿಂಹಗಳು ಸತ್ತಿದ್ದು ಡಿಸ್ಟೆಂಪರ್ ಎಂಬ ನಾಯಿಗಳ ರೋಗದಿಂದ. 2018ರಲ್ಲಿ ನಮ್ಮ ಗಿರ್‌ನಲ್ಲೂ ಸಾಲಾಗಿ ಸಿಂಹಗಳು ಸತ್ತಾಗ ಅದೇ ವೈರಸ್ ಸಿಕ್ಕಿತು. ಪಶ್ಚಿಮ ಘಟ್ಟದಲ್ಲಿ ಸಿಂಹ ಇಲ್ಲ, ನಿಜ. ಕೆನ್ನಾಯಿ ಇದೆ, ನರಿ ಇದೆ, ಚಿರತೆ ಇದೆ. ನಿಮ್ಮ ನಾಯಿಗೆ ಎಲ್ಲಾ ಲಸಿಕೆ ಆಗಿದ್ದರೆ ಈ ಭಯ ಕಮ್ಮಿ, ಒಪ್ಪುತ್ತೇನೆ. ಆದರೂ ಅದು ಗಿಡಗಿಡಕ್ಕೂ ಕಾಲೆತ್ತಿ ಬಿಟ್ಟುಬಂದ ವಾಸನೆ ನೀವು ಕಾರು ಹತ್ತಿದ ಮೇಲೂ ಅಲ್ಲೇ ಇರುತ್ತದೆ. ಜಿಂಕೆ, ಮೊಲಗಳಿಗೆ ಅದು ಬೇಟೆಗಾರನ ವಾಸನೆ.

"ಹಳ್ಳಿ ನಾಯಿಗಳು ಕಾಡೆಲ್ಲ ಓಡಾಡ್ತಾವಲ್ಲ?" ಓಡಾಡುತ್ತವೆ, ಅದೂ ಒಂದು ದೊಡ್ಡ ತೊಂದರೆಯೇ. ಅದಕ್ಕೆ ನಮ್ಮದನ್ನೂ ಸೇರಿಸಬೇಕಾ?

ಸರಿ, ದೊಡ್ಡ ಕಾಡು ಬೇಡ, ಬೆಂಗಳೂರಿನ ಸುತ್ತಮುತ್ತಲ ಬಂಡೆ ಬೆಟ್ಟಗಳು? ಇಲ್ಲಿ ಜನ ಮರೆಯುವುದು ಚಿರತೆಯನ್ನು. 2022ರ ಅಂದಾಜಿನಲ್ಲಿ ಕರ್ನಾಟಕದಲ್ಲಿ 1,879 ಚಿರತೆಗಳಿವೆ. ಅವೆಲ್ಲ ದಟ್ಟ ಕಾಡಿನಲ್ಲೇ ಕೂತಿಲ್ಲ. ರಾಮನಗರ, ತುಮಕೂರು ಕಡೆಯ ಕುರುಚಲು ಗುಡ್ಡಗಳಲ್ಲೂ ಆರಾಮಾಗಿವೆ. ಚಿರತೆಗೆ ನಾಯಿ ಸುಲಭದ ಊಟ. ಆದ್ದರಿಂದ ಮುಸ್ಸಂಜೆಯಲ್ಲಿ, ನಸುಕಿನಲ್ಲಿ ಅಂಥ ಕಡೆ ನಾನು ಕಾಲಿಡುವುದಿಲ್ಲ. ನಾಯಿಗೆ ಹಗ್ಗ ಯಾವಾಗಲೂ ಇರುತ್ತದೆ. "ಕರೆದರೆ ಓಡಿ ಬರುತ್ತೆ" ಅನ್ನುವ ನಾಯಿ ಕೂಡ ಮೊಲ ಕಂಡ ಕ್ಷಣ ನಿಮ್ಮ ಮಾತು ಕೇಳುವುದಿಲ್ಲ.

ಹಗ್ಗಕ್ಕೆ ಇನ್ನೊಂದು ಕಾರಣ ಇದೆ, ಪೇಟೆಯವರಿಗೆ ಅದು ಗೊತ್ತೇ ಇರುವುದಿಲ್ಲ. ಕಾಡಂಚಿನ ಹೊಲಗಳ ಪಕ್ಕ ಹಂದಿಗೆಂದು ತಂತಿ ಉರುಳು ಹಾಕಿರುತ್ತಾರೆ. ಕೆಲವು ಕಡೆ ತಿನ್ನುವ ಪದಾರ್ಥದೊಳಗೆ ಸಿಡಿಮದ್ದು ಇಟ್ಟಿರುತ್ತಾರೆ. ಎರಡೂ ಕಾನೂನುಬಾಹಿರ, ಎರಡೂ ನಡೆಯುತ್ತವೆ. ಹಂದಿಗೆ ಇಟ್ಟಿದ್ದನ್ನು ದನ ಕಚ್ಚುತ್ತದೆ, ನಾಯಿ ಕಚ್ಚುತ್ತದೆ. ನೆಲದಲ್ಲಿ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ನಾಯಿಯಾದರೆ, ಮೊದಲು ಮನೆಯ ಬೀದಿಯಲ್ಲೇ ಆ ಅಭ್ಯಾಸ ಬಿಡಿಸಿ. ಬೆಟ್ಟ ಆಮೇಲೆ.

ಹಾಗಾದರೆ ಎಲ್ಲಿಗೆ ಹೋಗೋದು? ಕೆರೆ ಏರಿ, ಹೊಲದ ನಡುವಿನ ಬಂಡಿದಾರಿ, ದನ ಮೇಯುವ ಗೋಮಾಳ, ಪರಿಚಯದವರ ಕಾಫಿ ತೋಟ. ಇವನ್ನು ಹೇಳಿದರೆ ಗೆಳೆಯರ ಮುಖ ಸಣ್ಣಗಾಗುತ್ತದೆ. ಫೋಟೋಗೆ ಮೋಡ ಬೇಕಲ್ಲ! ಆದರೆ ಬೆಟ್ಟದ ತುದಿ ಬೇಕಿರುವುದು ನಮಗೆ, ನಾಯಿಗಲ್ಲ. ಕರಿಯನಿಗೆ ಒಂದು ಲಂಟಾನ ಪೊದೆ ಸಾಕು. ಮುಂಗುಸಿ ಹೋದ ದಾರಿ, ನಿನ್ನೆ ಕುರಿಮಂದೆ ಕೂತ ಜಾಗ, ಬೇರೆ ನಾಯಿಯ ಗುರುತು, ಎಲ್ಲವನ್ನೂ ನಿಧಾನಕ್ಕೆ ಮೂಸಿ ಮುಗಿಸುತ್ತಾನೆ. ನಾನು ಅಲ್ಲೇ ಕೂತು ಚುರುಮುರಿ ತಿನ್ನುತ್ತೇನೆ. ಅವನ ಜೊತೆ ಹೊರಟರೆ ಕಿಲೋಮೀಟರ್ ಲೆಕ್ಕ ಇಡಬಾರದು, ಅಷ್ಟೇ.

ಕೆರೆ ಬಯಲಿನಲ್ಲೂ ಹಗ್ಗ ಬಿಚ್ಚುವುದಿಲ್ಲ. ಟಿಟ್ಟಿಭ ಹಕ್ಕಿ ಬೇಸಿಗೆಯಲ್ಲಿ ಬರೀ ನೆಲದ ಮೇಲೇ ಮೊಟ್ಟೆ ಇಡುತ್ತದೆ. ತಲೆ ಮೇಲೆ ಸುತ್ತುತ್ತಾ ಕಿರುಚಲು ಶುರು ಮಾಡಿತು ಅಂದರೆ ಗೂಡು ಪಕ್ಕದಲ್ಲೇ ಇದೆ ಎಂದರ್ಥ. ತಿರುಗಿ ಬೇರೆ ಕಡೆ ನಡೆಯಿರಿ.

ಬಿಸಿಲಿನ ವಿಷಯ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಮಾರ್ಚ್ ಬಂತೆಂದರೆ ನಮ್ಮ ಕರಿಕಲ್ಲು ಬಂಡೆಗಳು ಒಂಬತ್ತು, ಹತ್ತು ಗಂಟೆಗೇ ಕಾಯುತ್ತವೆ. ಅಂಗೈ ಹಿಂಭಾಗವನ್ನು ಬಂಡೆಗೆ ಒತ್ತಿ ನೋಡಿ. ಐದಾರು ಸೆಕೆಂಡು ತಡೆಯಲಾಗದಿದ್ದರೆ ಅದರ ಪಾದಕ್ಕೂ ಆಗದು. ಮುಧೋಳ, ಬೀದಿ ತಳಿ ನಾಯಿಗಳು ಸ್ವಲ್ಪ ತಡೆಯುತ್ತವೆ. ಪಗ್‌ನಂಥ ಚಪ್ಪಟೆ ಮೂತಿಯವನ್ನು ಏರುಹಾದಿಗೆ ಕರೆದೊಯ್ಯಲೇಬೇಡಿ, ಉಸಿರಾಟವೇ ಅವಕ್ಕೆ ಕಷ್ಟ. ನೀರು ಇಬ್ಬರಿಗೂ ಆಗುವಷ್ಟು ಹೊತ್ತುಕೊಳ್ಳಿ.

ಮಲೆನಾಡಿಗೆ ಹೋಗುವವರಿಗೆ ಇಂಬಳದ್ದೇ, ಅಂದರೆ ಜಿಗಣೆಯದ್ದೇ ಹೆದರಿಕೆ. ಇಂಬಳ ರಕ್ತ ಕುಡಿದು ತಾನೇ ಉದುರುತ್ತದೆ, ಮೂಗಿನೊಳಗೆ ಹೊಕ್ಕರೆ ಮಾತ್ರ ಡಾಕ್ಟರು ಬೇಕು. ನನಗೆ ಭಯ ಉಣುಗಿನದು, ಅಂದರೆ ಮೈಗೆ ಕಚ್ಚಿಕೊಳ್ಳುವ ಟಿಕ್‌ನದು. ನಾಯಿಗೆ ಟಿಕ್ ಫೀವರ್ ಬಂದರೆ ಊಟ ಬಿಡುತ್ತದೆ, ತಡ ಮಾಡಿದರೆ ಜೀವಕ್ಕೇ ಕುತ್ತು. ಉಣುಗಿನಿಂದಲೇ ಹರಡುವ ಮಂಗನ ಕಾಯಿಲೆ ಮೊದಲು ಗುರುತಾಗಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಆ ಕಾಯಿಲೆ ಇರುವ ಊರುಗಳ ಕಾಡಿಗೆ ಬೇಸಿಗೆಯಲ್ಲಿ ನಾಯಿ ಜೊತೆ ಹೋಗಿ, ಅದರ ಮೈಮೇಲೆ ಉಣುಗು ಹತ್ತಿಸಿಕೊಂಡು ಮನೆಗೆ ತರುವ ಹಟ ಯಾಕೆ? ಎಲ್ಲಿಂದ ಬಂದರೂ ಸರಿ, ಒಳಗೆ ಬಿಡುವ ಮೊದಲು ಕಿವಿ ಒಳಗೆ, ಕಾಲ್ಬೆರಳ ಸಂದಿ, ಕಾಲರ್ ಕೆಳಗೆ ಬೆರಳಾಡಿಸಿ ನೋಡಿ. ಸಿಕ್ಕರೆ ಬರಿಗೈಯಲ್ಲಿ ಹಿಸುಕಬೇಡಿ. ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ.

ನಾಯಿ ಇಲ್ಲದವರೂ ಒಂದು ಮಾತು ಕೇಳಿಸಿಕೊಳ್ಳಿ. ಚಾರಣ ಶುರುವಾಗುವ ಊರಿನ ನಾಯಿ ಸುಮ್ನೆ ನಿಮ್ಮ ಹಿಂದೆ ಬರುತ್ತದೆ. ಅರ್ಧ ದಾರಿಯಲ್ಲಿ ಬಿಸ್ಕತ್ತು ಕೊಟ್ಟಿರೋ, ತುದಿವರೆಗೂ ಬಿಡುವುದಿಲ್ಲ. ನೀವು ಬೆಟ್ಟದ ಆಚೆ ಬದಿಗೆ ಇಳಿದು ಬಸ್ಸು ಹತ್ತುತ್ತೀರಿ. ಅದು ಗೊತ್ತಿಲ್ಲದ ಊರಲ್ಲಿ, ಅಲ್ಲಿನ ನಾಯಿಗಳ ಮಧ್ಯೆ ಸಿಕ್ಕಿಕೊಳ್ಳುತ್ತದೆ. ಬಿಸ್ಕತ್ತು ಕೊಡಲೇಬೇಕು ಅನಿಸಿದರೆ ಬಂದ ದಾರಿಯಲ್ಲೇ ವಾಪಸ್ ಇಳಿದು, ಅದರ ಊರಿನಲ್ಲೇ ಕೊಡಿ.